ಉಣುಗಿನ ಬಾವುಟ

೧. ಎರಡು ಮೂಟೆ

ಜಗಳೂರಿನಿಂದ ಉಣ್ಣೆ ಬಂತು. ಎರಡು ಮೂಟೆ.

ನಾನು ಕೇಳಿದ್ದು ಒಂದು ಶೀಷೆ.

ತಪ್ಪು ನನ್ನದೇ. ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳಕ್ಕೂ ನಮ್ಮಲ್ಲಿ ಉಣ್ಣೆ ಅಂತಾರೆ, ಕುರಿಯ ಮೈಯ ಕೂದಲಿಗೂ ಉಣ್ಣೆ ಅಂತಾರೆ. ಅದು ಯುದ್ಧದ ಕಾಲ. ನಾನು ಹುಳದ ಇಲಾಖೆಯಲ್ಲಿ ಹಂಗಾಮಿ ನೌಕರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಕಡೆ ದನಗಳಿಗೆ ಹತ್ತುವ ಈ ಹುಳ ಎಲ್ಲಿ ಬೆಳೆಯುತ್ತದೆ, ಎಲ್ಲಿಂದ ಹತ್ತುತ್ತದೆ, ಹೇಗೆ ತಡೆಯಬೇಕು ಎಂದು ಪತ್ತೆ ಮಾಡುವುದು ನನ್ನ ಕೆಲಸ. ಊರೂರಿನ ಪಟೇಲರಿಗೆ ಒಂದೇ ಒಕ್ಕಣೆಯ ಕಾಗದ ಬರೆದೆ: "ನಿಮ್ಮ ಊರಿನ ಉಣ್ಣೆಯ ಮಾದರಿ ಕಳಿಸಿರಿ." ಹೊನ್ನಾಳಿಯವರಿಗೆ ಅರ್ಥವಾಯಿತು. ಜಗಳೂರು ಕುರಿಯ ಸೀಮೆ.

ಮೂಟೆಯ ಹಿಂದೆಯೇ ಕುರಿಗಳ ಯಜಮಾನರೊಬ್ಬರು ಬಂದರು. ಹೆಗಲ ಮೇಲೆ ಕಂಬಳಿ.

"ಮಾಲು ಹೆಂಗೈತ್ರಿ? ಸಿಪಾಯಿಗಳಿಗೆ ಕಂಬಳಿ ನೇಯಾಕೆ ಆಗ್ತದಲ್ಲ?"

"ಇದಲ್ಲ. ದನದ ಮೈಮೇಲಿನ ಉಣ್ಣೆ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ಸೀಮೇಲಿ ದನಕ್ಕೆ ಉಣ್ಣೆ ಬರ್ತದೇನ್ರಿ ಸ್ವಾಮಿ? ಹಂಗಾದ್ರೆ ನೇಗಿಲು ಕುರಿ ಎಳೀತಾವೇನು?"

ನಾನು ಮೂಟೆ ಬಿಚ್ಚಿ ಚಿಮಟದಿಂದ ಕೂದಲು ಬಿಡಿಸುತ್ತ ಹೋದೆ. ಒಂದು ಸಿಕ್ಕಿತು. ಅಂಗೈ ಮೇಲಿಟ್ಟು ತೋರಿಸಿದೆ.

"ಇದಾ? ಇದು ಉಣುಗಲ್ರೀ! ಉಣುಗು ಅಂತ ಬರೆಯಾಕೆ ನಿಮ್ಮ ಕೈಗೇನಾಗಿತ್ತು? ಇದೇ ಬೇಕಿದ್ರೆ ಮೂಟೆ ಯಾಕೆ, ಕುರಿ ಮೇಯೋ ಕಡೆ ಬರ್ರಿ. ಹುಲ್ಲಿನ ತುದೀಲಿ ಕುಂತು ಕೈ ಮೇಲೆತ್ಕೊಂಡು ಕಾಯ್ತಿರ್ತಾವೆ, ಸಂತೆಗೆ ಹೋಗೋರು ಮೋಟಾರಿಗೆ ಕೈ ಒಡ್ಡಿದಂಗೆ. ದನ ಬಂತೋ, ಹತ್ತಿದ್ವು."

ಹೋದೆ. ಭೂತಗನ್ನಡಿ ಹಿಡಿದು ಹುಲ್ಲಿನ ಮುಂದೆ ಬೋರಲು ಮಲಗಿದೆ. ಆತ ಹೇಳಿದ ಹಾಗೇ ಇತ್ತು. ಮುಂದಿನ ಕಾಲು ಎರಡೂ ಮೇಲೆ. ಆ ತಿಂಗಳ ವರದಿಯಲ್ಲಿ ಬರೆದೆ: "ಉಣುಗು ಹುಲ್ಲಿನಿಂದ ಹತ್ತುತ್ತದೆ."

ನಮ್ಮ ಸಾಹೇಬರು ಆ ವಾಕ್ಯದ ಮೇಲೆ ಕೆಂಪು ಮಸಿಯಲ್ಲಿ ಗೀಟು ಎಳೆದರು. ಪಕ್ಕದಲ್ಲಿ ಟಿಪ್ಪಣಿ: "ಇಲಾಖೆಗೆ ಕಂಬಳಿ ಬೇಕಾಗಿಲ್ಲ. ಮೂಟೆ ಹಿಂತಿರುಗಿಸಿ."

೨. ಸುಣ್ಣ

ಸಾಹೇಬರು ಪಟ್ಟಣದವರು. ಚಿಕ್ಕ ವಯಸ್ಸು, ದೊಡ್ಡ ಓದು. ಅವರ ಪ್ರಕಾರ ಉಣುಗು ಬೆಳೆಯುವುದು ಕೊಟ್ಟಿಗೆಯ ಮೇಲೆ ಹೊದಿಸಿದ ಸೋಗೆಯಲ್ಲಿ. ಸೋಗೆ ಕಿತ್ತು ಸುಟ್ಟರೆ ಉಣುಗಿನ ಕಥೆ ಮುಗಿಯಿತು. ನಾನು ಸೋಗೆ ಕೆದಕಿ ನೋಡಿದ್ದೆ. ಗೋಡೆಯ ಬಿರುಕಿನಲ್ಲಿ ಒಂದೆರಡು ಉಣುಗು ಇದ್ದವು. ಸೋಗೆಯಲ್ಲಿ ಇದ್ದದ್ದು ಚೇಳು. ಅದನ್ನೂ ಬರೆದೆ. ಅದಕ್ಕೂ ಕೆಂಪು ಗೀಟು.

ಮರುತಿಂಗಳು ಮತ್ತೆ ಬರೆದೆ, "ಉಣುಗು ಹುಲ್ಲಿನಿಂದ ಹತ್ತುತ್ತದೆ." ಮತ್ತೆ ಗೀಟು. ಅದರ ಜೊತೆ ಒಂದು ಹುಕುಂ. ಸುಡಬೇಕಾದ ಕೊಟ್ಟಿಗೆಗಳ ಗೋಡೆಗೆ ಸುಣ್ಣದ ಗುರುತು ಹಾಕಿ ಬರತಕ್ಕದ್ದು. ಹೊನ್ನಾಳಿಯಿಂದ ಶುರು. ಒಂದು ಡಬ್ಬಿ ಸುಣ್ಣವನ್ನೂ ಕಳಿಸಿದ್ದರು.

ನನ್ನ ಬಂಡಿ ಹೊಡೆಯುತ್ತಿದ್ದವರು ಒಬ್ಬ ಸಾಬರು. ನಾನು ಒಂದು ಮಾತಾಡಿದರೆ ಅವರು ಹತ್ತು. ಇಬ್ಬರೂ ಸೇರಿ ಸರಿಯಾಗುತ್ತಿತ್ತು.

ಹೊಳೆಯ ಕಡೆಯ ಓಣಿ. ಮೊದಲ ಕೊಟ್ಟಿಗೆ ಒಬ್ಬ ಅಜ್ಜಿಯದು. ಒಂದೇ ಆಕಳು. ಅದರ ಹಾಲಿನಲ್ಲೇ ಬದುಕು. ಅಜ್ಜಿಗೆ ಕಿವಿ ಮಂದ.

"ಏನು ಬೇಕಪ್ಪಾ?"

"ಉಣುಗು."

"ಉಂಗುರಾನಾ?" ಅಜ್ಜಿಯ ಕೈ ಸೆರಗಿನೊಳಗೆ ಹೋಯಿತು. "ಯುದ್ಧಕ್ಕೆ ಅಂತ ಹೋದ ವರ್ಷ ಬಳೆ ಕೇಳಿದ್ರಿ. ಈಗ ಉಂಗುರ. ಬರೋ ವರ್ಷ ಮೂಗುತಿ ಕೇಳ್ತೀರಿ, ಮೂಗಿನ ಸಮೇತ."

ಸಾಬರು ಕೂಗಿದರು. "ಉಂಗುರ ಅಲ್ಲ ಅಜ್ಜೀ, ಉಣುಗು! ಆಕಳ ಮೈಮ್ಯಾಲೆ ಇರ್ತದಲ್ಲ, ಅದು!"

"ಅದಾ? ಎಷ್ಟು ಬೇಕೋ ಅಷ್ಟು ಕಿತ್ಕೊಂಡು ಹೋಗ್ರಿ. ಪುಣ್ಯ ಬರ್ತದೆ. ಆ ಡಬ್ಬೀಲಿ ಏನು?"

ಸುಣ್ಣ ಎಂದೆ. ಗುರುತು ಹಾಕಿದ ಕೊಟ್ಟಿಗೆಯ ಸೋಗೆ ಸುಡುತ್ತಾರೆ ಎಂದೆ. ಮೆಲ್ಲಗೇ ಹೇಳಿದ್ದು. ಇದು ಮಾತ್ರ ಅಜ್ಜಿಗೆ ಮೊದಲ ಸಲಕ್ಕೇ ಕೇಳಿಸಿತು.

"ಸುಡು. ಮಳೆಗಾಲ ಎದುರಿಗೆ ನಿಂತೈತೆ. ಆಕಳನ್ನ ನಿನ್ನ ಸಾಹೇಬನ ಕಚೇರೀಲಿ ಕಟ್ತೀನಿ. ಸೆಗಣಿ ಅವನೇ ಬಾಚಲಿ."

"ಸುಡಾಕೆ ಬಿಡಲ್ಲ," ಅಂದೆ.

"ಮಾತು ಕೊಡು."

"ಕೊಟ್ಟೆ."

ಬಂಡಿ ಓಣಿ ದಾಟಿದ ಮೇಲೆ ಸಾಬರು ಕೇಳಿದರು. "ಯಾವ ಧೈರ್ಯದ ಮ್ಯಾಲೆ ಕೊಟ್ರಿ ಸ್ವಾಮೀ?"

ನಾನು ಸುಣ್ಣದ ಡಬ್ಬಿಯ ಮುಚ್ಚಳ ಭದ್ರ ಮಾಡಿದೆ.

ವಾರದೊಳಗೆ ಸಾಹೇಬರು ಕರೆಸಿದರು.

"ಗುರುತು ಹಾಕಿದಿರಾ?"

"ಇಲ್ಲ."

"ಸುಣ್ಣ ಎಲ್ಲಿ?"

"ಮುಗೀತು. ಎಲೆಗೆ ಹಚ್ಚಿಕೊಂಡೆವು."

"ಒಂದು ಡಬ್ಬಿ ಪೂರ್ತಿ?"

"ಹೊನ್ನಾಳಿಯವರು ಎಲೆ ಅಡಿಕೆ ಜಾಸ್ತಿ ಹಾಕ್ತಾರೆ ಸಾರ್."

೩. ಬಾವುಟ

ಸಾಹೇಬರು ಗಡುವು ಕೊಟ್ಟರು. ಮಳೆ ಹಿಡಿಯುವುದರೊಳಗೆ ಹುಲ್ಲಿನಿಂದ ಉಣುಗು ತೆಗೆದು ತೋರಿಸಬೇಕು. ಇಲ್ಲದಿದ್ದರೆ ಸೋಗೆಗೆಲ್ಲ ಬೆಂಕಿ, ಅಜ್ಜಿಯ ಕೊಟ್ಟಿಗೆಗೆ ಮೊದಲು. ನಾನು ಕೆಲಸ ಬಿಟ್ಟು ಮನೆಗೆ.

ಹುಲ್ಲಿನಿಂದ ಉಣುಗು ತೆಗೆಯುವ ಕ್ರಮ ಸುಲಭ. ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಹುಲ್ಲಿನ ಮೇಲೆ ನಿಧಾನವಾಗಿ ಎಳೆಯಬೇಕು. ದನ ಬಂತು ಅಂದುಕೊಂಡು ಉಣುಗು ಹತ್ತುತ್ತದೆ. ಬಿಳಿಯ ಮೇಲೆ ಎದ್ದು ಕಾಣುತ್ತದೆ. ಇಲಾಖೆಯ ಪುಸ್ತಕದಲ್ಲಿ ಆ ಬಟ್ಟೆಗೆ ಬಾವುಟ ಎಂದೇ ಹೆಸರು.

ಆಗ ಬಟ್ಟೆಗೆ ಬರ. ನನ್ನ ಪಂಚೆಯನ್ನೇ ಹರಿದು ಕಟ್ಟಿದೆ. ನ್ಯಾಮತಿಯಿಂದ ಸೂರಗೊಂಡನಕೊಪ್ಪಕ್ಕೆ ಹೋಗುವ ದಾರಿಯ ಗೋಮಾಳದಲ್ಲಿ ಎಳೆಯುತ್ತಿದ್ದೆ. ಒಬ್ಬ ಪೊಲೀಸಿನವನು ಸೈಕಲ್ ನಿಲ್ಲಿಸಿದ. ಚಳವಳಿಯ ಆ ದಿನಗಳಲ್ಲಿ ಬಾವುಟ ಹಿಡಿದವರನ್ನು ಹಿಡಿಯುವುದೇ ಅವರ ಕೆಲಸ.

"ಏನ್ರೀ ಅದು?"

"ಬಾವುಟ."

ಒಂದೇ ಮಾತಿನಲ್ಲಿ ಉತ್ತರ ಹೇಳುವ ಚಾಳಿ ನನ್ನದು. ಅವತ್ತು ಆ ಒಂದೂ ಹೆಚ್ಚಾಯಿತು.

"ಯಾರ ಬಾವುಟ?"

"ಉಣುಗಿನದು."

"ಅದ್ಯಾವ ಪಾರ್ಟಿ?"

ಸಾಬರು ಬಂಡಿಯಿಂದಲೇ ಹೇಳಿದರು. "ಹೊಸಾದಲ್ಲ ಹುಜೂರ್, ಬಾಳ ಹಳೇ ಪಾರ್ಟಿ. ರಕ್ತ ಕುಡಿಯೋ ಪಾರ್ಟಿ."

ಇಬ್ಬರನ್ನೂ ಠಾಣೆಗೆ ಕರೆದುಕೊಂಡು ಹೋದ.

ದಫೇದಾರರು ಪುಸ್ತಕ ತೆರೆದು ಕೂತರು.

"ಬಾವುಟ ಏರಿಸಿದ್ರೇನು?"

"ಇಲ್ಲ. ಎಳೆದೆ."

"ಎಲ್ಲಿ?"

"ನೆಲದ ಮೇಲೆ."

ಲೇಖನಿ ನಿಂತಿತು. ದಫೇದಾರರು ಪೊಲೀಸಿನವನ ಕಡೆ ತಿರುಗಿದರು. "ಏರಿಸಿದ್ರೆ ಕಲಂ ಐತೆ. ಎಳೆದ್ರೆ ಯಾವ ಕಲಂ ಹಾಕಾಕೆ ಬರ್ತದಯ್ಯಾ?"

"ಬಾವುಟಕ್ಕೆ ಅವಮಾನ ಮಾಡಿದ್ರು ಅಂತ ಬರೀರಿ."

"ಯಾರ ಬಾವುಟಕ್ಕೆ?"

"ಅವರದ್ದಕ್ಕೇ."

"ತನ್ನ ಬಾವುಟಾನ ತಾನೇ ಮಣ್ಣಾಗೆ ಎಳೆದ್ರೆ ಅದು ರಾಜಭಕ್ತಿ ಕಣಯ್ಯಾ. ಇವರಿಗೆ ಇನಾಮು ಕೊಡಬೇಕಾಗ್ತದೆ."

ಪುಸ್ತಕ ಮುಚ್ಚಿ ನನಗೆ ಹೇಳಿದರು. "ತಪ್ಪಾಯ್ತು ಅಂತ ಬರ್ಕೊಟ್ಟು ಹೋಗ್ರಿ."

"ಬರೆಯಲ್ಲ. ತಪ್ಪು ಮಾಡಿಲ್ಲ."

"ಹಂಗಾದ್ರೆ ಕುಂದುರ್ರಿ."

ಕೂತೆ.

ಬಾವುಟವನ್ನು ಪುರಾವೆ ಎಂದು ಮೇಜಿನ ಮೇಲೆ ಹರಡಿದ್ದರು. ಉಣುಗಿಗೆ ಬೆಚ್ಚಗಿನ ಮೈ ಎಲ್ಲಿದ್ದರೂ ಗೊತ್ತಾಗುತ್ತದೆ. ದಫೇದಾರರು ಮೊದಲು ಮೊಣಕೈ ಕೆರೆದರು. ಆಮೇಲೆ ಕತ್ತು. ಆಮೇಲೆ ಎದ್ದು ನಿಂತು ಬೆಲ್ಟು ಬಿಚ್ಚಿದರು.

"ಇವರನ್ನ ಬಿಟ್ಟು ಕಳಿಸ್ರೋ! ಆ ಬಾವುಟಾನ ಹಂಡೇಗೆ ಹಾಕ್ರಿ!"

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಪಂಚೆ ಬೆಳ್ಳಗಾಯಿತು. ಬಟ್ಟೆಯ ಸಮೇತ ತೋರಿಸಲೆಂದು ನಾಲ್ಕು ದಿನ ಎಳೆದು ಕೂಡಿಸಿದ ಮಾದರಿ ಬೆಂದುಹೋಯಿತು.

ನಾನು ಏಳಲಿಲ್ಲ.

"ಇನ್ನೇನ್ರೀ?"

"ನನ್ನ ಉಣುಗು ಕೊಡಿ. ಸರ್ಕಾರದವು."

ದಫೇದಾರರು ನನ್ನ ಮುಖ ನೋಡಿದರು. ಬೆನ್ನು ತಿರುಗಿಸಿದರು. ಅಂಗಿ ಎತ್ತಿದರು.

"ತಗೊಳ್ರಿ."

ಎರಡು ಸಿಕ್ಕವು.

೪. ಷರಾಯಿ

ಆ ಎರಡನ್ನು ಸ್ಪಿರಿಟ್ಟಿನ ಶೀಷೆಗೆ ಹಾಕಿ, ಎಲ್ಲಿ ಸಿಕ್ಕವು ಎಂದು ಚೀಟಿ ಅಂಟಿಸಿ ಕಳಿಸಿದೆ. ಸುಳ್ಳು ಬರೆಯುವ ಅಭ್ಯಾಸ ಇಲ್ಲ. ಕೆಂಪು ಮಸಿಯಲ್ಲಿ ಉತ್ತರ ಬಂತು: "ಠಾಣೆಗೆ ಸೋಗೆ ಹೊದಿಸಿದೆಯೇ, ವಿಚಾರಿಸಿ."

ಮಳೆ ಇವತ್ತೋ ನಾಳೆಯೋ ಎನ್ನುವಾಗ ಸಾಹೇಬರು ತಾವೇ ಚನ್ನಗಿರಿಗೆ ಬಂದರು. ಮುಸಾಫಿರ್ ಖಾನೆಯಲ್ಲಿ ಇಳಿದಿದ್ದರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಸೂಳೆಕೆರೆಯ ಏರಿಯ ಪಕ್ಕ ದನ ಮೇಯುವ ಬಯಲು. ಅಲ್ಲಿಗೆ ನಮ್ಮ ಬಂಡಿಯಲ್ಲೇ ಹೋದೆವು. ಸಾಬರು ಕೆರೆಯಲ್ಲಿ ಎತ್ತಿಗೆ ನೀರು ಕುಡಿಸಿ, ತಮ್ಮ ಇನ್ನೊಂದು ಲುಂಗಿ ಒಗೆದು ಬಂಡಿಯ ಮೇಲೆ ಒಣಹಾಕಿದರು.

ಸಾಹೇಬರು ಬಿಳಿ ಡ್ರಿಲ್ಲು ಬಟ್ಟೆಯ ಷರಾಯಿ ತೊಟ್ಟಿದ್ದರು. ಇಸ್ತ್ರಿಯ ಗೆರೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದಾಗಿತ್ತು.

"ಹೊನ್ನಾಳಿಗೆ ಹೇಳಿ ಕಳಿಸಿದ್ದೇನೆ," ಅಂದರು. "ನಾಳೆ ಬೆಳಿಗ್ಗೆ ಬೆಂಕಿ."

ನಾನು ಬಾವುಟ ಬಿಚ್ಚಿದೆ.

"ಅದನ್ನು ಮುಟ್ಟಬೇಡಿ. ನಿಮ್ಮ ಬಟ್ಟೆಯಲ್ಲಿ ಮೊದಲೇ ಉಣುಗು ಇರಲಿಲ್ಲ ಅಂತ ಯಾರು ಬಲ್ಲರು?"

"ಶುದ್ಧವಾದ ಬಟ್ಟೆ ನನ್ನ ಹತ್ತಿರ ಇಲ್ಲ."

"ಬಟ್ಟೆ ಯಾಕೆ? ನಾನೇ ನಡೆದು ತೋರಿಸುತ್ತೇನೆ. ಈ ಹುಲ್ಲಿನಲ್ಲಿ ಏನೂ ಇಲ್ಲ."

ಸಾಬರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಬಂಡಿ ಹೊಡೆದ ಇಷ್ಟು ದಿನದಲ್ಲಿ ಅವರು ಮಾತು ನುಂಗಿದ್ದು ಅದೊಂದೇ ಸಲ.

ಸಾಹೇಬರು ಮೊಣಕಾಲುದ್ದ ಹುಲ್ಲಿನಲ್ಲಿ ಆಚೆಯ ಜಾಲಿಮರದ ತನಕ ಹೋಗಿ ಬಂದರು.

"ಎಲ್ಲಿ ನಿಮ್ಮ ಉಣುಗು?"

"ಇನ್ನೊಂದು ಸಲ ಹೋಗಿ ಬನ್ನಿ ಸಾರ್. ನಿಧಾನವಾಗಿ. ಬೇಗ ಎಳೆದರೆ ಹತ್ತಲ್ಲ."

"ನಾನೇನು ಬಾವುಟವೇನ್ರೀ?"

"ಬಟ್ಟೆ ಬಿಳಿ ಇದೆ."

ಹಟಕ್ಕೆ ಹೋದರು. ನಿಧಾನವಾಗಿಯೇ ಹೋದರು. ಬಂದು ಬಂಡಿಯ ನೆರಳಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರು. ನನಗೆ ಪಾಠ ಶುರು ಮಾಡಿದರು.

"ನೋಡಿ, ವಿಜ್ಞಾನ ಅಂದರೆ ಹಟ ಅಲ್ಲ. ಕಣ್ಣಿಗೆ ಕಂಡದ್ದು, ಕೈಗೆ..."

ಕೈ ತೊಡೆಗೆ ಹೋಯಿತು. ಕಾಫಿ ನೆಲಕ್ಕೆ ಹೋಯಿತು. ಇನ್ನೊಂದು ಕೈ ಇನ್ನೊಂದು ತೊಡೆಗೆ ಹೋಯಿತು. ಸಾಹೇಬರು ಎದ್ದರು. ಕುಣಿದರು ಅನ್ನುವುದು ಮರ್ಯಾದೆಯಲ್ಲ. ಎರಡು ಕಾಲೂ ಒಟ್ಟಿಗೆ ನೆಲ ಬಿಟ್ಟವು. ಸಾಬರು ಎತ್ತಿನ ಕಡೆ ಮುಖ ಮಾಡಿ ನಿಂತರು. ಅವರ ಭುಜ ಅಲುಗುತ್ತಿತ್ತು.

ಸಾಹೇಬರು ಪೊದೆಯ ಹಿಂದೆ ಓಡಿದರು. ಪೊದೆಯ ಮೇಲಿನಿಂದ ಷರಾಯಿ ಬಂತು. ಈ ಕಡೆಯಿಂದ ಸಾಬರ ಲುಂಗಿ ಹೋಯಿತು. ಚೌಕಳಿ ಲುಂಗಿ. ಇನ್ನೂ ಹಸಿ.

ನಾನು ಷರಾಯಿಯನ್ನು ಬಂಡಿಯ ನೊಗದ ಮೇಲೆ ಹರಡಿದೆ. ಚಿಮಟ ತೆಗೆದೆ.

"ಒದರಿ ಕೊಡಿ ಬೇಗ!" ಪೊದೆ ಕೂಗಿತು.

"ಎಣಿಕೆ ಮುಗಿದಿಲ್ಲ."

"ಎಣಿಸ್ತಾ ಇದ್ದೀರಾ?"

"ಮೇಲಿನವು ಮುಗಿದವು. ಒಳಗಿನವು ಇವೆ."

ಪೊದೆ ಸರಸರ ಅಂದಿತು. ಆಮೇಲೆ ಸಣ್ಣ ದನಿ. "ಮೈಮೇಲೂ ಇವೆ."

"ಅವು ಲೆಕ್ಕಕ್ಕಿಲ್ಲ ಸಾರ್. ಅವು ನಿಮ್ಮ ಸ್ವಂತದವು."

ಶೀಷೆಯ ತಳ ಮುಚ್ಚಿತು. ನಮೂನೆಯ ಹಾಳೆ ತೆಗೆದು ಬಂಡಿಯ ಹಲಗೆಯ ಮೇಲೆ ಬರೆದೆ. ಸ್ಥಳ: ಸೂಳೆಕೆರೆ ಏರಿಯ ಪಕ್ಕದ ಬಯಲು. ಎಲ್ಲಿಂದ ಹತ್ತಿದವು: ಹುಲ್ಲಿನಿಂದ. ಬಾವುಟದ ವಿವರ: ಬಿಳಿ ಡ್ರಿಲ್ಲು, ಷರಾಯಿ, ಹೊಸ ಇಸ್ತ್ರಿ. ಎಳೆದವರು: ಖುದ್ದು ಸಾಹೇಬರು.

ಸಾಹೇಬರು ಲುಂಗಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಓದಿದರು.

"ಷರಾಯಿ ಅಂತ ಯಾಕೆ ಬರೆದಿರಿ?"

"ಬಟ್ಟೆಯ ವಿವರ ಪೂರ್ತಿ ಬರೆಯಬೇಕು ಅಂತ ನಿಯಮ. ನಿಯಮ ನಿಮ್ಮದೇ."

"ಆ ಮಾತು ಹೊಡೆದುಹಾಕಿ."

"ಕೆಂಪು ಮಸಿ ನನ್ನ ಹತ್ತಿರ ಇಲ್ಲ."

"ನಿಮ್ಮನ್ನು ಕೆಲಸದಿಂದ ತೆಗೀತೀನಿ."

"ತೆಗೀರಿ. ಮೊದಲು ಇದಕ್ಕೆ ರುಜು ಹಾಕಿ."

"ಷರಾಯಿ ಕೊಡ್ರೀ ಇಲ್ಲಿ!"

"ಅದು ಈಗ ಮಾದರಿ ಸಾರ್. ರುಜು ಆಗದೆ ಮಾದರಿ ಬಿಟ್ಟುಕೊಡೋ ಹಾಗಿಲ್ಲ."

ಏರಿಯ ಮೇಲೆ ದನ ಹೊಡೆದುಕೊಂಡು ಊರಿನವರು ಬರುತ್ತಿದ್ದರು. ಸಾಹೇಬರು ಅವರನ್ನು ನೋಡಿದರು. ಲುಂಗಿ ನೋಡಿಕೊಂಡರು. ಸಾಬರು ಮೆಲ್ಲಗೆ ಹೇಳಿದರು.

"ಒಂದು ಕೈಯಾಗೆ ಹಿಡ್ಕೊಳ್ರಿ ಹುಜೂರ್. ಇನ್ನೊಂದು ಕೈಯಾಗೆ ರುಜು ಹಾಕಾಕೆ ಆಗ್ತದೆ."

ಸಾಹೇಬರು ರುಜು ಹಾಕಿದರು. ಷರಾಯಿ ಕೊಟ್ಟೆ. ತೊಡಲಿಲ್ಲ. ಎರಡು ಬೆರಳಲ್ಲಿ ದೂರ ಹಿಡಿದುಕೊಂಡು, ಲುಂಗಿಯಲ್ಲೇ ಬಂಡಿ ಹತ್ತಿದರು.

ಹೊನ್ನಾಳಿಯಲ್ಲಿ ಸೋಗೆ ಸುಡಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸಾಬರ ಲುಂಗಿ ವಾಪಸ್ ಬರಲಿಲ್ಲ.