ಖಾಲಿ ಮನೆಯ ಫೋಟೋಗಳಲ್ಲಿ ಕಂಡವರು

ಜನರಿಲ್ಲದ ಕಟ್ಟಡಗಳ ಫೋಟೋ ತೆಗೆಯುವುದು ನನ್ನ ಕಸುಬು. ಆರ್ಕಿಟೆಕ್ಟ್‌ಗಳಿಗೆ ತಾವು ಕಟ್ಟಿದ ಮನೆಯಲ್ಲಿ ಮನುಷ್ಯರು ಕಾಣಬಾರದು. ಚಪ್ಪಲಿ, ಒಣಹಾಕಿದ ಟವೆಲ್ಲು, ಗ್ಯಾಸ್ ಸಿಲಿಂಡರ್ ಅಂತೂ ಕಾಣಲೇಬಾರದು. ಹಾಗಾಗಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೇ ಮನೆಗಳಲ್ಲಿ ಟ್ರೈಪಾಡ್ ನಿಲ್ಲಿಸಿಕೊಂಡು, ಉಸಿರು ಬಿಗಿಹಿಡಿದು, ಒಬ್ಬಳೇ ನಿಲ್ಲುವುದು ನನಗೆ ಅಭ್ಯಾಸವಾಗಿಹೋಗಿದೆ. ಆದರೆ ಜಾಗ ಖಾಲಿ ಇದೆ ಅಂತ ನಾನು ನಂಬಿದ ದಿನವೇ ಏನಾದರೊಂದು ಆಗುತ್ತದೆ. "ನಿಂಗೆ ಹೆದರಿಕೆ ಆಗಲ್ವೇನೇ?" ಅಂತ ಅಕ್ಕ ಕೇಳುತ್ತಾಳೆ. ಆಗುತ್ತೆ. ಆಮೇಲೆ ನಗುವೂ ಬರುತ್ತೆ. ಎರಡರ ಮಧ್ಯೆ ಸ್ವಲ್ಪ ಹೊತ್ತು ಇರುತ್ತದಲ್ಲ, ಅದನ್ನು ದಾಟುವುದೇ ಕಷ್ಟ.

ಮಾಯವಾದ ಬೀದಿ

ಗಾಂಧಿಬಜಾರಿನಲ್ಲಿ ಒಂದು ಹಳೇ ಮಹಡಿ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಮರದ ಕಟಾಂಜನ. ಅದರ ಫೋಟೋ ಬೇಕಿತ್ತು, ಜನ ಬೇಡ. ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಜನ ಬೇಡ ಅಂದರೆ ಹೇಗೆ? ಅದಕ್ಕೊಂದು ಉಪಾಯವಿದೆ. ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರ್ ಹಾಕಿ, ಶಟರನ್ನು ತುಂಬ ಹೊತ್ತು ತೆರೆದಿಡಬೇಕು. ಓಡಾಡುವವರು ಯಾರೂ ಮೂಡುವುದಿಲ್ಲ. ಅಲ್ಲಾಡದೆ ಇದ್ದದ್ದು ಮಾತ್ರ ಉಳಿಯುತ್ತದೆ.

ಕಟ್ಟಡದ ಮುಂದೆ ಕೂತಿದ್ದ ಹೂವಿನಮ್ಮ ವ್ಯಾಪಾರದ ನಡುವೆಯೇ ನನ್ನ ಮೇಲೆ ಕಣ್ಣಿಟ್ಟಿದ್ದಳು. ಕೊನೆಗೆ ತಡೆಯಲಾರದೆ ರಸ್ತೆ ದಾಟಿ ಬಂದಳು. "ಆಗ್ಲಿಂದ ನಿಂತಿದೀಯಲ್ಲಮ್ಮ, ಒಂದೇ ಒಂದು ಫೋಟೋನಾ? ಎಲ್ಲಿ, ತೋರ್ಸು."

ತೋರಿಸಿದೆ. ನಮ್ಮ ಸುತ್ತ ಹಾರ್ನು, ಚೌಕಾಸಿ, ಬಾಳೆಕಂದಿನ ಗಾಡಿಗಳು. ಸ್ಕ್ರೀನಿನಲ್ಲಿ ಮಾತ್ರ ಹಾಳೂರು. ಇಡೀ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹೂವಿನ ರಾಶಿ ಇದೆ, ಹೂವಿನಮ್ಮ ಇಲ್ಲ. ಅವಳು ಕೂತಿದ್ದ ಕಡೆ ಊದುಬತ್ತಿ ಹೊಗೆಯಂಥ ಒಂದು ಬಿಳಿ ಮಬ್ಬು.

ಅವಳು ಸ್ಕ್ರೀನು ನೋಡಿದಳು, ತನ್ನ ಎರಡೂ ಕೈ ನೋಡಿಕೊಂಡಳು. "ನಾನೆಲ್ಲಿ?" ಅಂದಳು, ಮೆಲ್ಲಗೆ. "ಅಲ್ಲೇ ಇದ್ನಲ್ಲಮ್ಮ. ಎದ್ದೇ ಇಲ್ಲ ನಾನು." ಗೊತ್ತಿದ್ದೂ ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಅವಳ ಬೆರಳು ಒಂದು ಕಡೆ ನಿಂತಿತು. ಹೂವಿನ ರಾಶಿಯ ಹಿಂದೆ, ಕಂಬಕ್ಕೆ ಒರಗಿ, ಗಲ್ಲಕ್ಕೆ ಕೈಕೊಟ್ಟು ಕೂತ ಒಬ್ಬ ಗಂಡಸು, ಕಲ್ಲಿನಲ್ಲಿ ಕೆತ್ತಿದಷ್ಟು ಸ್ಪಷ್ಟ. ಅವಳ ಗಂಡ. ಅಲ್ಲಾಡದವರು ಮಾತ್ರ ಉಳಿಯುತ್ತಾರೆ ಅಂತ ನಾನು ವಿವರಿಸಿದ್ದೇ ತಡ, ಅವಳ ಭಯವೆಲ್ಲ ಇಳಿದು ಕೋಪ ಏರಿತು. ಅಲ್ಲಿಂದಲೇ ಕೂಗಿದಳು: "ಬೆಳಗ್ಗೆಯಿಂದ ಸೊಂಟ ಮುರಿಯೋ ಹಂಗೆ ದುಡಿದೋಳು ನಾನು, ನಾನು ಮಾಯ! ಕೂತಲ್ಲಿಂದ ಅಲ್ಲಾಡದೆ ಇರೋನು ನೀನು, ನಿಂದೊಂದೇ ಫೋಟೋ ಬಂದೈತೆ!"

ಗಂಡ ಆಗಲೂ ಅಲ್ಲಾಡಲಿಲ್ಲ. ಕೂತಲ್ಲಿಂದಲೇ ಕೇಳಿದ: "ಚೆನ್ನಾಗ್ ಬಂದಿದೀನಾ?"

ಮಂಜಿನಲ್ಲಿ ಒಬ್ಬರು

ಲಾಲ್‌ಬಾಗಿನ ಕೆರೆ, ಚಳಿಗಾಲದ ಬೆಳಗು, ಮಂಜು. ಆಚೆ ದಡದ ಮರಗಳನ್ನು ಹತ್ತಿರಕ್ಕೆ ಎಳೆದು ಒಂದರ ಮೇಲೊಂದು ಜೋಡಿಸಿದ ಹಾಗೆ ಕಾಣಲಿ ಅಂತ ಉದ್ದದ ಟೆಲಿ ಲೆನ್ಸ್ ಹಾಕಿದ್ದೆ. ಕಣ್ಣಿಟ್ಟು ನೋಡಿದರೆ ಕೆರೆ ಪಕ್ಕದ ದಾರಿಯಲ್ಲಿ ಮಂಕಿ ಕ್ಯಾಪ್ ಹಾಕಿದ ಒಬ್ಬರು. ಮುಖ ನನ್ನ ಕಡೆಗಿದೆ. ಕಾಲು ಆಡುತ್ತಿದೆ. ಆದರೆ ಹತ್ತಿರ ಬರುವುದರ ಬದಲು ಅವರು ಚಿಕ್ಕದಾಗುತ್ತಾ ಹೋಗುತ್ತಿದ್ದಾರೆ.

ಕಣ್ಣು ತೆಗೆದೆ. ಲೆನ್ಸು ಒರೆಸಿದೆ. ಮತ್ತೆ ನೋಡಿದೆ. ಇನ್ನೂ ಚಿಕ್ಕದಾಗಿದ್ದರು. ಎವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಒಂದು ಕೈ ಎತ್ತಿ, ಬಾ ಅನ್ನುವ ಹಾಗೆ ಆಡಿಸಿದರು. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೆ ನನ್ನ ಕಾಲುಗಳು ನಂಬಿಬಿಟ್ಟಿದ್ದವು, ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಮಂಜಿನೊಳಗಿಂದ ಧ್ವನಿ ಬಂತು. "ಮೇಡಂ! ಮಂಡಿನೋವಿಗೆ ಹಿಂದ್ಹಿಂದಕ್ಕೆ ನಡೀರಿ ಅಂದಿದಾರೆ ಡಾಕ್ಟ್ರು! ನಿಮ್ಹತ್ರ ದೂರದ್ದು ಕಾಣೋ ಲೆನ್ಸ್ ಇದೆಯಲ್ಲ, ನನ್ನ ಹಿಂದೆ ನಾಯಿಗೀಯಿ ಇದೆಯಾ ಸ್ವಲ್ಪ ನೋಡಿ ಹೇಳ್ತೀರಾ?"

ನೋಡಿದೆ. ಇತ್ತು. ಹಾಗಂತ ಕೂಗಿದೆ. ಮಂಡಿನೋವಿನವರು ಮುಂದಕ್ಕೆ ಓಡಿಬಂದ ರಭಸಕ್ಕೆ ಆ ದಿನದ ಫೋಟೋ ತುಂಬ ಮೂಡಿರುವುದು ಮಂಕಿ ಕ್ಯಾಪ್ ಒಂದೇ.

ಉಳಿದರ್ಧ ಹಾಲ್

ಮಲ್ಲೇಶ್ವರದಲ್ಲಿ ಬಹಳ ಕಾಲದಿಂದ ಬೀಗ ಹಾಕಿದ್ದ ಒಂದು ಮನೆ ಮಾರಾಟಕ್ಕಿತ್ತು. ಬ್ರೋಕರ್ ನನ್ನನ್ನು ಕರೆಸಿ, "ಮೇಡಂ, ಇರೋದ್ರಲ್ಲೇ ಅಗಲವಾದ ಲೆನ್ಸ್ ಹಾಕ್ಬಿಡಿ" ಅಂದರು. ಅಷ್ಟು ವೈಡ್ ಲೆನ್ಸ್ ಹಾಕಿದರೆ ಬಚ್ಚಲುಮನೆಯೂ ಕಲ್ಯಾಣ ಮಂಟಪದ ಹಾಗೆ ಕಾಣುತ್ತೆ ಅಂತ ಎಚ್ಚರಿಸಿದೆ. "ಅದೇ ಬೇಕಾಗಿರೋದು" ಅಂದರು.

ಮುಂದಿನ ವಾರ ಅವರದೇ ಫೋನು. ಧ್ವನಿ ಇಳಿದುಹೋಗಿತ್ತು. "ಪಾರ್ಟಿ ಬಂದಿದಾರೆ, ಫೋಟೋ ತೆಗೆದವರನ್ನೇ ಕರೀರಿ ಅಂತಿದಾರೆ."

ಹೋದೆ. ಕೊಳ್ಳಲು ಬಂದವರು ತೆಳ್ಳಗಿನ, ನಗುವೇ ಇಲ್ಲದ ಮನುಷ್ಯ. ನನ್ನ ಫೋಟೋದ ಪ್ರಿಂಟು ಹಿಡಿದುಕೊಂಡು ಹಾಲಿನ ಮಧ್ಯೆ ನಿಂತಿದ್ದರು. "ಈ ಹಾಲ್‌ದು ಉಳಿದರ್ಧ ಎಲ್ಲಿ?"

ಲೆನ್ಸಿನ ಗುಣ ವಿವರಿಸಿದೆ. ಅವರು ನಂಬಲಿಲ್ಲ. "ಹಳೇ ಮನೆಗಳಲ್ಲಿ ಮುಚ್ಚಿಹಾಕಿದ ಕೋಣೆಗಳಿರ್ತವೆ. ಕ್ಯಾಮೆರಾ ಇರೋದನ್ನೇ ತಾನೇ ತೋರಿಸೋದು?" ಅನ್ನುತ್ತಾ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದರು.

ನಿಶ್ಶಬ್ದ. ಆಮೇಲೆ ಗೋಡೆಯೊಳಗಿಂದ ಟಕ್, ಟಕ್.

ಬ್ರೋಕರ್ ನನ್ನ ಕ್ಯಾಮೆರಾ ಬ್ಯಾಗು ಹಿಡಿದುಕೊಂಡರು. ಕೊಳ್ಳಲು ಬಂದವರು ಇನ್ನೊಮ್ಮೆ ತಟ್ಟಿದರು. ಇನ್ನೊಮ್ಮೆ ಟಕ್, ಟಕ್. ಅದರ ಹಿಂದೆಯೇ, ಬಾವಿಯೊಳಗಿಂದ ಬಂದ ಹಾಗೆ ಒಂದು ಹೆಣ್ಣುಧ್ವನಿ: "ಯಾರು? ಯಾರದು ಒಳಗೆ?"

ಬ್ರೋಕರ್ ಅಷ್ಟೊತ್ತಿಗೆ ತುಟಿ ಆಡಿಸುತ್ತಾ ಸ್ತೋತ್ರ ಶುರುಮಾಡಿದ್ದರು. ನಾನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಆಮೇಲೆ ಹೊಳೆಯಿತು, ಅದು ಎರಡು ಮನೆಗೂ ಸೇರಿದ ಒಂದೇ ಗೋಡೆ. ಫೋಟೋ ತೆಗೆದ ದಿನ ಆಚೆ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿಯನ್ನು ನೋಡಿದ್ದೆ. "ಸರ್, ಅದು ಪಕ್ಕದ್ಮನೆ ಅಜ್ಜಿ. ಗೋಡೆ ಆಚೆ ಅವರಿದಾರೆ" ಅಂದೆ.

ಆ ಮನುಷ್ಯನ ಮುಖದಲ್ಲಿ ಮೊದಲ ಸಲ ಸಮಾಧಾನ ಕಂಡಿತು. ಪ್ರಿಂಟನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಹಾಗೆ ಹೇಳಿ ಮತ್ತೆ. ಆ ಅಜ್ಜಿ ಉಳಿದರ್ಧ ಯಾವಾಗ ಖಾಲಿ ಮಾಡ್ತಾರೆ?"

ಓರೆಯಾದ ಉಯ್ಯಾಲೆ

ಚಾಮರಾಜಪೇಟೆಯ ಒಂದು ಮನೆಯಲ್ಲಿ ಹಿರಿಯಮ್ಮ ತೀರಿಕೊಂಡು ಕೆಲವು ತಿಂಗಳಾಗಿತ್ತು. ಮಗ, ಸೊಸೆ ಮನೆಯನ್ನು ದುರಸ್ತಿ ಮಾಡಿಸುವವರಿದ್ದರು. ಅದಕ್ಕೆ ಮುಂಚೆ ಹಾಲನ್ನು ಇದ್ದ ಹಾಗೇ ಒಂದು ಫೋಟೋ ತೆಗೆದುಕೊಡಿ ಅಂದರು. ನಡುವೆ ತೊಲೆಯಿಂದ ಇಳಿಬಿಟ್ಟ ಹಲಗೆಯ ಉಯ್ಯಾಲೆ. ಆ ಹಿರಿಯಮ್ಮ ಹಗಲೆಲ್ಲ ಕೂರುತ್ತಿದ್ದ ಜಾಗ.

ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಗೋಡೆಗಳು ಒಂದು ಕಡೆಗೆ ವಾಲಿದ ಹಾಗೆ ಕಂಡವು. ಅದೇನು ಹೊಸದಲ್ಲ, ಕ್ಯಾಮೆರಾ ಕೊಂಚ ಓರೆಯಾದರೂ ಹಾಗಾಗುತ್ತದೆ. ಎಡಿಟ್ ಮಾಡುವಾಗ ನೆಟ್ಟಗೆ ನಿಲ್ಲಿಸುವುದು ನಮಗೆಲ್ಲ ಹಲ್ಲುಜ್ಜಿದಷ್ಟು ಸಹಜ. ನಿಲ್ಲಿಸಿ ಕಳಿಸಿಬಿಟ್ಟೆ.

ಮಾರನೇ ಬೆಳಗ್ಗೆ ಮಗನ ಫೋನು. "ಒಂದ್ಸಲ ಮನೆಗೆ ಬರ್ತೀರಾ? ಫೋನಲ್ಲಿ ಬೇಡ."

ಅವರು ಫೋಟೋವನ್ನು ಟೀವಿಯಲ್ಲಿ ದೊಡ್ಡದಾಗಿ ಹಾಕಿಟ್ಟಿದ್ದರು. ಗೋಡೆ ನೆಟ್ಟಗಿತ್ತು, ಕಂಬ ನೆಟ್ಟಗಿತ್ತು, ಬಾಗಿಲು ನೆಟ್ಟಗಿತ್ತು. ಉಯ್ಯಾಲೆಯ ಸರಪಳಿಗಳು ಮಾತ್ರ ಓರೆ. ಯಾರೋ ಈಗತಾನೇ ಕಾಲಿನಿಂದ ನೆಲ ಒದ್ದು ತೂಗಿಕೊಂಡ ಹಾಗೆ.

"ಅವತ್ತು ಕಿಟಕಿ ಎಲ್ಲ ಹಾಕಿತ್ತು" ಅಂದರು ಮಗ. ಕಣ್ಣು ತುಂಬಿತ್ತು. "ಅಮ್ಮ ಯಾವಾಗ್ಲೂ ಇದೇ ಕಡೆಗೆ ತೂಗಿಕೊಳ್ಳೋರು." ಉಯ್ಯಾಲೆಯ ಮೇಲೆ ಆಗಲೇ ಒಂದು ಮೊಳ ಮಲ್ಲಿಗೆ ಇಟ್ಟಿದ್ದರು.

ತಿರುಗಿ ನಿಜವಾದ ಉಯ್ಯಾಲೆ ನೋಡಿದೆ. ಅಲುಗಾಡದೆ ನೆಟ್ಟಗೆ ಇಳಿಬಿದ್ದಿತ್ತು. ಗೋಡೆ ನೋಡಿದೆ. ಏನೋ ಅನುಮಾನ ಬಂದು, ಒಂದು ದಾರಕ್ಕೆ ಬೀಗದಕೈ ಗೊಂಚಲು ಕಟ್ಟಿ, ಕುರ್ಚಿ ಹತ್ತಿ ಗೋಡೆಗೆ ತಾಗಿಸಿ ಇಳಿಬಿಟ್ಟೆ. ಮೇಲೆ ಗೋಡೆಗೆ ಅಂಟಿಕೊಂಡಿದ್ದ ದಾರ, ಕೆಳಗೆ ಬರುವಷ್ಟರಲ್ಲಿ ಗೋಡೆಯಿಂದ ಅಂಗೈ ಅಗಲದಷ್ಟು ದೂರ ನಿಂತಿತ್ತು. ಸರಪಳಿ ಸರಿಯಾಗೇ ಇತ್ತು. ವಾಲಿದ್ದು ಮನೆ. ವಾಲಿದ ಮನೆಯನ್ನು ನಾನು ನೆಟ್ಟಗೆ ಮಾಡಿದ್ದಕ್ಕೆ, ನೆಟ್ಟಗಿದ್ದ ಉಯ್ಯಾಲೆ ವಾಲಿತ್ತು.

ಎಂಜಿನಿಯರ್ ಬಂದು ನೋಡಿ, ಆಸರೆ ಕೊಡದೆ ದುರಸ್ತಿ ಶುರುಮಾಡಿದ್ದರೆ ಅವತ್ತೇ ಗೋಡೆ ಬೀಳುತ್ತಿತ್ತು ಅಂದರು. ಮಗ ಕೈಮುಗಿದು, "ನೋಡಿ, ಎಚ್ಚರಿಸೋಕೇ ಬಂದಿದಾರೆ ಅಮ್ಮ" ಅಂದರು.

ಸೊಸೆ ನನಗೆ ಕಾಫಿ ಕೊಡುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದರು: "ಗೋಡೆ ವಾಲಿದೆ ಅಂತ ನಾನು ಅತ್ತೆ ಇದ್ದಾಗಲೇ ಹೇಳ್ತಿದ್ದೆ ಮೇಡಂ. 'ಗೋಡೆ ನೆಟ್ಟಗೇ ಇದೆ, ನೀನು ನಿಂತಿರೋದೇ ಸೊಟ್ಟ' ಅಂತಿದ್ರು."

ನೆರಳಿದೆ, ಯಜಮಾನರಿಲ್ಲ

ಇದು ಬಸವನಗುಡಿಯಲ್ಲಿ. ಹಳೇ ಮನೆಯೊಂದನ್ನು ಒಬ್ಬ ಆರ್ಕಿಟೆಕ್ಟ್ ಚೆನ್ನಾಗಿ ನವೀಕರಿಸಿದ್ದರು. ಬೆಳಗಿನ ಎಳೆಬಿಸಿಲು ಮುಂಭಾಗಕ್ಕೆ ಬೀಳುವುದು ಸ್ವಲ್ಪವೇ ಹೊತ್ತು. ಸರಿಯಾಗಿ ಅದೇ ಹೊತ್ತಿಗೆ ಮನೆಯ ಯಜಮಾನರು, ರಿಟೈರಾದ ಲೆಕ್ಕದ ಮೇಷ್ಟ್ರು, ಬನೀನು ಪಂಚೆಯಲ್ಲಿ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದು ನಿಂತರು. ಬಿಸಿಲು ಹೋಗಿಬಿಡುತ್ತೆ ಅಂತ ಹಾಗೇ ಕ್ಲಿಕ್ ಮಾಡಿದೆ. ಆಮೇಲೆ ಆರ್ಕಿಟೆಕ್ಟ್, "ಅವರನ್ನ ತೆಗೆದುಬಿಡಿ" ಅಂದರು. ಕಂಪ್ಯೂಟರಿನಲ್ಲಿ ಅಳಿಸಿದೆ. ಫೋಟೋ ದೊಡ್ಡದಾಗಿ ಪ್ರಿಂಟಾಗಿ, ಚೌಕಟ್ಟು ಹಾಕಿಸಿಕೊಂಡು, ಆ ಮನೆಯ ಹಾಲಿಗೇ ಉಡುಗೊರೆಯಾಗಿ ಹೋಯಿತು.

ಸ್ವಲ್ಪ ದಿನಕ್ಕೆ ಯಜಮಾನರ ಹೆಂಡತಿ ಫೋನ್ ಮಾಡಿದರು. "ಒಂದು ಗಳಿಗೆ ಬಂದು ಹೋಗಮ್ಮ. ಇವರು ಕಣ್ಣಿನ ಆಪರೇಷನ್‌ಗೆ ಬರಲ್ಲ ಅಂತ ಕೂತ್ಬಿಟ್ಟಿದಾರೆ. ಊಟಾನೂ ಸರಿಯಾಗಿ ಮಾಡ್ತಿಲ್ಲ. ನಿನ್ನ ಫೋಟೋ ನೋಡಿದಾಗ್ಲಿಂದ ಹಿಂಗೆ."

ಯಜಮಾನರು ಫೋಟೋದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಕಡೆ ತಿರುಗಲೂ ಇಲ್ಲ. "ಅವತ್ತು ನಾನು ಅಲ್ಲಿ ನಿಂತಿದ್ದೆ ಅಲ್ವೇನಮ್ಮ?"

"ಹೌದು ಸರ್."

"ನಾನಿಲ್ಲ. ಅದಿರಲಿ. ಅಲ್ಲಿ ನೋಡು."

ನೋಡಿದೆ. ಬಾಲ್ಕನಿ ಖಾಲಿ. ಪಕ್ಕದ ಬಿಳಿ ಗೋಡೆಯ ಮೇಲೆ ಒಬ್ಬ ಮನುಷ್ಯನ ನೆರಳು, ಕೈಯಲ್ಲಿ ಲೋಟ. ಮನುಷ್ಯನನ್ನು ಅಳಿಸಿದವಳು ನೆರಳು ಅಳಿಸುವುದನ್ನು ಮರೆತಿದ್ದೆ. ಆ ಖಾಲಿ ಬಾಲ್ಕನಿ, ಆ ಲೋಟ ಹಿಡಿದ ನೆರಳು, ಅದರ ಎದುರಿಗೆ ಅದೇ ಭುಜ, ಅದೇ ಕುತ್ತಿಗೆಯ ಜೀವಂತ ಮನುಷ್ಯ.

"ನಂಗೆ ಹೊರಡೋ ಹೊತ್ತಾಯ್ತು ಅಂತ ಅರ್ಥ" ಅಂದರು. "ಆಪರೇಷನ್ ಟೇಬಲ್ ಮೇಲೆ ಮಲಗಿದೋನು ಏಳಲ್ಲ."

ಮಾತಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ ಅನ್ನಿಸಿತು. ಲ್ಯಾಪ್‌ಟಾಪ್ ತೆಗೆದು ಮೂಲ ಫೋಟೋ ತೋರಿಸಿದೆ. ಅವರು ಬಾಲ್ಕನಿಯಲ್ಲಿದ್ದರು. ಒಂದು ಗುಂಡಿ ಒತ್ತಿದೆ, ಮಾಯ. ಇನ್ನೊಂದು ಒತ್ತಿದೆ, ಬಂದರು. ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಗ್ಗಿದರು. "ಎಲ್ಲಿ, ನಾನು ಒತ್ತುತ್ತೀನಿ."

ಒತ್ತಿದರು. ಹೋದರು. ಒತ್ತಿದರು. ಬಂದರು. ಹೋದರು, ಬಂದರು, ಹೋದರು. ತನ್ನ ಸಾವನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಆ ಮುಖದಲ್ಲಿ ನಿಧಾನವಾಗಿ ನಗು ಬಂತು. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಸಾಕು ಮಾಡಿ, ಅದೇನು ಆಟವೇ? ಬಂದಾಗಲೇ ನಿಲ್ಲಿಸಿ!" ಅಂದರು.

ಬಂದಾಗಲೇ ನಿಲ್ಲಿಸಿದರು. ಆಪರೇಷನ್‌ಗೆ ಹೂಂ ಅಂದರು. ಉಪ್ಪಿಟ್ಟು ತರಿಸಿಕೊಂಡು ತಿಂದರು. ಇದೇ ಫೋಟೋವನ್ನು ಹೊಸದಾಗಿ ಪ್ರಿಂಟ್ ಹಾಕಿಸಿಕೊಡುತ್ತೇನೆ ಅಂತ ನಾನು ಹೊರಟಾಗ ಬಾಗಿಲ ತನಕ ಬಂದು, ಧ್ವನಿ ತಗ್ಗಿಸಿ ಹೇಳಿದರು: "ಹೇಗಿದ್ರೂ ವಾಪಸ್ ಹಾಕ್ತಾ ಇದೀಯಲ್ಲಮ್ಮ. ಬನೀನಿನ ಬದಲು ಒಂದು ಶರ್ಟು ಹಾಕ್ಬಿಡು. ಹಾಗೇ ತಲೆ ಮೇಲೆ ಸ್ವಲ್ಪ ಕೂದಲು."

ಒಳಗಿನಿಂದ ಹೆಂಡತಿಯ ಧ್ವನಿ ಕೇಳಿತು: "ಕೂದಲು ಮಾತ್ರ ಬೇಡ ಕಣಮ್ಮ. ಇವರು ಮಾಯವಾಗಿದ್ದನ್ನ ಬೀದಿಯವರೆಲ್ಲ ಬಂದು ನೋಡ್ಕೊಂಡು ಹೋಗಿದಾರೆ. ಈಗ ಅದೇ ಜಾಗದಲ್ಲಿ ತಲೆತುಂಬ ಕೂದಲಿರೋ ಗಂಡಸು ನಿಂತಿದ್ರೆ, ಜನ ನನ್ನ ಏನಂದ್ಕೋತಾರೆ?"