ನಾಲ್ಕು ಬೈಕು, ಎರಡು ಕಿವಿ

ಹೆಂಡತಿ: ಸಹಿ ಹಾಕ್ಬೇಡಿ ಡಾಕ್ಟರೇ! ಮೊದ್ಲು ಆ ಪೆನ್ ಕೆಳಗಿಡಿ.

ಗಡಿಯಾರದವರು: ನೀವು ಹಾಕಿ ಡಾಕ್ಟರೇ. ಇವಳು ಹೇಳಿದ್ದನ್ನೆಲ್ಲ ಕಿವಿಗೆ ಹಾಕ್ಕೋಬೇಡಿ.

ಹೆಂಡತಿ: ಆ ಕೆಲಸ ನೀವೊಬ್ರು ಮಾಡ್ತಿದ್ದೀರಲ್ಲ, ಸಾಲದಾ?

ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲೂ ಇಡದೆ, ಕಾಗದಕ್ಕೂ ತಾಗಿಸದೆ, ನಡುವೆ ಹಿಡಿದುಕೊಂಡು ಕೂತರು. ಎದುರಿಗಿದ್ದದ್ದು ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ಬೇಕಾದ ಆರೋಗ್ಯದ ಫಾರಂ. ಕಣ್ಣು ಸರಿ, ರಕ್ತದೊತ್ತಡ ಸರಿ, ಮೊಣಕಾಲು ಪರವಾಗಿಲ್ಲ, ಉಳಿದದ್ದು ಕಿವಿಯೊಂದೇ. ಗಡಿಯಾರ ರಿಪೇರಿಯವರಿಗೆ ಈಗ ಅರವತ್ತೊಂಬತ್ತು. ಈ ಸಹಿ ಬೀಳದಿದ್ದರೆ ಅವರ ಬೈಕು ಇವತ್ತಿನಿಂದ ಅಂಗಳಕ್ಕೆ ಅಂಟಿಕೊಂಡ ಹಾಗೆ. ಹತ್ತೊಂಬತ್ತನೇ ವಯಸ್ಸಿನಿಂದ ಬೈಕಿಲ್ಲದೆ ಒಂದು ವಾರ ಕಳೆದವರಲ್ಲ. ಒಂದು ಹೋದರೆ ಇನ್ನೊಂದು, ಒಟ್ಟು ನಾಲ್ಕು. ಹಾಗಾಗಿ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕಿವಿಯ ಪರೀಕ್ಷೆಗೆ ಅಂಗಿಯಿಂದ ಏನು ಉಪಯೋಗವೋ ಅವರಿಗೇ ಗೊತ್ತು.

ಹೆಂಡತಿ: ನಿನ್ನೆ ಹಿಂದ್ಗಡೆ ಆಂಬುಲೆನ್ಸ್ ಕಿರಿಚಿಕೊಳ್ತಾ ಇದೆ, ಇವರು ರಸ್ತೆ ಮಧ್ಯದಲ್ಲಿ ಮೆರವಣಿಗೆ ಹೊರಟಿದ್ದಾರೆ. ನಾನು ಬೆನ್ನಿಗೆ ಎರಡು ಗುದ್ದಿದ ಮೇಲೆ ಪಕ್ಕಕ್ಕೆ ಬಂದ್ರು.

ಗಡಿಯಾರದವರು: ಗುದ್ದು ಕೇಳಿಸ್ತಲ್ಲ? ಕಿವಿ ಸರಿಯಾಗೇ ಇದೆ.

ಡಾಕ್ಟರಮ್ಮ ತಲೆ ತಗ್ಗಿಸಿ ಫಾರಂ ತುಂಬುತ್ತಾ ಪ್ರಶ್ನೆ ಶುರು ಮಾಡಿದರು. ತಪ್ಪಾಗಿದ್ದು ಅಲ್ಲೇ. ಮುಖ ಕಾಣದಿದ್ದರೆ ಗಡಿಯಾರದವರಿಗೆ ಎದುರಿನವರ ಮಾತಿನಲ್ಲಿ ಅರ್ಧ ತಲುಪುವುದಿಲ್ಲ. ತಲುಪಿದ ಅರ್ಧಕ್ಕೆ ಉಳಿದರ್ಧವನ್ನು ತಾವೇ ಜೋಡಿಸಿಕೊಳ್ಳುವುದು ಅವರಿಗೆ ಎರಡು ವರ್ಷದಿಂದ ರೂಢಿಯಾಗಿತ್ತು.

ಡಾಕ್ಟರಮ್ಮ: ಈ ಶಬ್ದದ ತೊಂದರೆ ಯಾವಾಗಿಂದ?

ಗಡಿಯಾರದವರು: ಶಬ್ದನಾ? ಸರಿಯಾಗಿ ಕೇಳಿದ್ರಿ ನೋಡಿ! ಹೋದ ಚಳಿಗಾಲದಿಂದ. ಬೆಳಿಗ್ಗೆ ತಣ್ಣಗಿರುವಾಗ ಜಾಸ್ತಿ. ಬಿಸಿಯಾದ ಮೇಲೆ ತಾನಾಗೇ ಸರಿಹೋಗುತ್ತೆ.

ಡಾಕ್ಟರಮ್ಮ: ಎರಡೂ ಕಡೆನಾ?

ಗಡಿಯಾರದವರು: ಎಡಗಡೆ ಮಾತ್ರ. ಎಣ್ಣೆ ಬಿಟ್ಟೆ, ಕಡಿಮೆಯಾಯ್ತು.

ಡಾಕ್ಟರಮ್ಮ: ಅಯ್ಯೋ, ಹಾಗೆಲ್ಲ ಎಣ್ಣೆ ಬಿಡಬಾರ್ದು ಯಜಮಾನ್ರೇ. ಎಷ್ಟು ತೊಟ್ಟು ಬಿಟ್ರಿ?

ಗಡಿಯಾರದವರು: ತೊಟ್ಟಾ? ಒಂದು ಲೀಟರು.

ಡಾಕ್ಟರಮ್ಮನ ಪೆನ್ನು ಕೊನೆಗೂ ಮೇಜಿನ ಮೇಲೆ ಬಿತ್ತು.

ಡಾಕ್ಟರಮ್ಮ: ಒಂದು ಲೀಟರ್... ಒಳಗೆ ಹಿಡಿಸ್ತಾ?

ಗಡಿಯಾರದವರು: ಆರಾಮಾಗಿ. ಹಳೇದನ್ನ ಮೊದಲೇ ಬಸಿದಿದ್ದೆನಲ್ಲ. ಕರ್‍ರಗೆ ಬಂತು. ಒಳಗೆಲ್ಲ ಮಸಿ ಕಟ್ಟಿಕೊಂಡಿತ್ತು, ಸ್ಕ್ರೂಡ್ರೈವರ್ ಹಾಕಿ ಕೆರೆದು ತೆಗೆದೆ.

ಡಾಕ್ಟರಮ್ಮ: ಸ್ಕ್ರೂಡ್ರೈವರಾ! ಅಮ್ಮಾ, ನೀವು ಮನೇಲಿದ್ದೂ ನೋಡ್ಕೊಂಡು ಸುಮ್ಮನಿದ್ರಾ?

ಹೆಂಡತಿ: ನಾನೇ ದೀಪ ಹಿಡಿದಿದ್ದೆ ಡಾಕ್ಟರೇ. ಇವರು ಹೇಳ್ತಿರೋದು ಬೈಕಿನ ಸಮಾಚಾರ. ತನಗೂ ಒಂದು ಮೈ ಇದೆ, ಅದರಲ್ಲಿ ಕಿವಿ ಅಂತ ಎರಡಿದೆ ಅನ್ನೋದೇ ಈ ಮಹಾನುಭಾವರಿಗೆ ಮರೆತುಹೋಗಿದೆ.

ಡಾಕ್ಟರಮ್ಮ ಎದ್ದು ನೀರು ಕುಡಿದರು. ಮಾತಿನಿಂದ ಪ್ರಯೋಜನವಿಲ್ಲವೆಂದು ಅವರಿಗೆ ಖಾತ್ರಿಯಾಗಿತ್ತು. ಗಡಿಯಾರದವರ ಕುರ್ಚಿಯ ಹಿಂದೆ ನಿಂತು, ತಾವು ಮೆಲ್ಲಗೆ ಹೇಳುವ ಪದಗಳನ್ನು ತಿರುಗಿ ಹೇಳಬೇಕೆಂದು ಅವರ ಭುಜ ತಟ್ಟಿ ತಿಳಿಸಿದರು.

ಡಾಕ್ಟರಮ್ಮ: ಸಸಿ.

ಗಡಿಯಾರದವರು: ಹಸಿ.

ಡಾಕ್ಟರಮ್ಮ: ಕಿಟಕಿ.

ಗಡಿಯಾರದವರು: ಪಿಟೀಲು.

ಡಾಕ್ಟರಮ್ಮ: ಸೀಸೆ.

ಗಡಿಯಾರದವರು: ಈಚೆಗಾ? ಬರ್ತೀನಿ ಬಿಡಿ, ಅದಕ್ಕೇನಂತೆ.

ಎಂದು ಎದ್ದು, ಕುರ್ಚಿಯನ್ನು ಎಳೆದು, ಎರಡಡಿ ಈಚೆಗೆ ಹಾಕಿಕೊಂಡು ಕೂತರು. ಹೆಂಡತಿ ಹಣೆ ಚಚ್ಚಿಕೊಂಡಳು.

ಹೆಂಡತಿ: ಎರಡು ವರ್ಷದಿಂದ ಬಡ್ಕೊಳ್ತಿದ್ದೀನಿ, ಕಿವಿಗೊಂದು ಮಿಷನ್ ಹಾಕಿಸ್ಕೊಳ್ಳಿ ಅಂತ. ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮಾತಾಡಿದವಳು ಡಾಕ್ಟರೇ. ಸಮುದ್ರದ ಆಚೆಯವರಿಗೂ ನನ್ನ ಮಾತು ಅರ್ಥವಾಗ್ತಿತ್ತು. ಸೋಫಾದ ಆಚೆ ತುದಿಗೆ ತಲುಪಲ್ಲ!

ಗಡಿಯಾರದವರು: ಸೆಕೆಂಡ್ ಮುಳ್ಳಿನ ಸಪ್ಪಳ ಕೇಳಿ ರೋಗ ಹೇಳಿದವನು ನಾನು. ಕಿವಿಗೆ ಮಿಷನ್ ಸಿಕ್ಕಿಸ್ಕೊಂಡು ಕೂತ್ರೆ ಅಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ? ಈ ಹಸಿ ಪಿಟೀಲು ಎಲ್ಲ ಬಿಡಿ. ಒಂದು ಬೈಕ್ ಸ್ಟಾರ್ಟ್ ಮಾಡಿ, ಅದರ ಜಾತಕ ಹೇಳ್ತೀನಿ.

ಡಾಕ್ಟರಮ್ಮ: ಆಸ್ಪತ್ರೆ ಒಳಗೆ ಬೈಕ್ ಎಲ್ಲಿಂದ ತರ್ಲಿ?

ಹೆಂಡತಿ: ಬೈಕ್ ಯಾಕೆ? ನಾನಿಲ್ವಾ? ನಲವತ್ತು ವರ್ಷ ಇವರ ಬೈಕುಗಳ ಜೊತೆ ಸಂಸಾರ ಮಾಡಿದ್ದೀನಿ. ನಾನು ಬರೋಕೆ ಮುಂಚಿನದರ ಸದ್ದನ್ನೂ ಇವರೇ ಸಾವಿರ ಸಲ ಮಾಡಿ ತೋರಿಸಿದ್ದಾರೆ. ಇವತ್ತು ಒಂದು ಇತ್ಯರ್ಥ ಆಗೇಬಿಡ್ಲಿ.

ಸೆರಗು ಬಿಗಿದುಕೊಂಡು ಅವಳು ಕುರ್ಚಿಯ ಹಿಂದೆ ಹೋಗಿ ನಿಂತಳು. ಒಮ್ಮೆ ಗಂಟಲು ಸರಿಮಾಡಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆಯೊಳಗಿಂದ ಸದ್ದು ತೆಗೆದಳು.

ಹೆಂಡತಿ: ಡುಬ್... ಡುಬ್... ಡುಬ್... ಖಫ್! ಡುಬ್... ಡುಬ್...

ಗಡಿಯಾರದವರು: ಕರಿಯ! ನನ್ನ ಮೊದಲನೇದು! ಮಧ್ಯದಲ್ಲಿ ಕೆಮ್ಮಿದ್ದು ಕಾರ್ಬುರೇಟರಲ್ಲಿ ಕಸ. ಮೂರು ಜನ ಓಡಿಸಿ ಬಿಟ್ಟಿದ್ದ ಬೈಕು ಡಾಕ್ಟರೇ. ಕೊಂಡ ದಿನ ಓಡಿಸೋಕೆ ಬರ್ತಿರ್ಲಿಲ್ಲ, ಹೆಮ್ಮೆಯಿಂದ ತಳ್ಕೊಂಡೇ ಊರೆಲ್ಲ ಸುತ್ತಿದ್ದೆ.

ಡಾಕ್ಟರಮ್ಮ ಕಣ್ಣುಬಾಯಿ ಬಿಟ್ಟು ನೋಡುತ್ತಿದ್ದರು. ಹೆಂಡತಿ ಉಸಿರು ತೆಗೆದುಕೊಂಡಳು.

ಹೆಂಡತಿ: ಗುಡುಗುಡುಗುಡುಗುಡು... ಗುಡು...

ಗಡಿಯಾರದವರು: ಕೆಂಪಿ. ನಿಂತಲ್ಲೇ ಓಡ್ತಿದೆ, ಗೇರಿಗೆ ಹಾಕಿಲ್ಲ. ಎಕ್ಸ್‌ಚೇಂಜಿನ ಗೇಟ್ ಹತ್ರ. ಆರು ಗಂಟೆ ಪಾಳಿ ಬಿಡೋ ಹೊತ್ತು.

ಹೆಂಡತಿ ಸ್ವಲ್ಪ ಕೆಂಪಾದಳು. ಆಗ ಅವಳಿನ್ನೂ ಹೆಂಡತಿಯಾಗಿರಲಿಲ್ಲ. ಕೆಳಗೆ ಆ ಸದ್ದಾದರೆ ಮೂರನೇ ಮಹಡಿಯಲ್ಲಿ ಆಪರೇಟರುಗಳೆಲ್ಲ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅವಳು ಎರಡು ಕರೆಗಳನ್ನು ಅದಲುಬದಲು ಜೋಡಿಸಿ ಬೈಸಿಕೊಂಡದ್ದೂ ಉಂಟು.

ಡಾಕ್ಟರಮ್ಮ: ಈಗ ಗೊತ್ತಾಯ್ತು. ಇವರಿಗೆ ದಪ್ಪ ಶಬ್ದ ಚೆನ್ನಾಗೇ ಕೇಳಿಸುತ್ತೆ. ಹೋಗಿರೋದು ತೆಳು ಶಬ್ದ ಮಾತ್ರ. ಸೈರನ್ನು, ಬೆಲ್ಲು, ಹೆಂಗಸರ ದನಿ, ಇಂಥವು. ವಯಸ್ಸಾದ ಮೇಲೆ ಹೀಗಾಗೋದು ಸಾಮಾನ್ಯ.

ಈ ಮಾತನ್ನು ಅವರು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರಿಂದ ಒಂದಕ್ಷರವೂ ಸೋರಿಹೋಗದೆ ತಲುಪಿತು. ಗಡಿಯಾರದವರು ಎದೆಯುಬ್ಬಿಸಿದರು.

ಗಡಿಯಾರದವರು: ಕೇಳಿಸ್ಕೊಂಡ್ಯಾ? ನಾನು ನಿನ್ನ ಮಾತು ಕೇಳದೇ ಇರೋದಲ್ಲ, ಕೇಳಿಸದೇ ಇರೋದು! ಇದನ್ನ ಬರೆದುಕೊಡಿ ಡಾಕ್ಟರೇ, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತೀನಿ.

ಹೆಂಡತಿ: ಆ ಕೆಂಪಿಯ ಗುಡುಗುಡು ದಪ್ಪ, ನನ್ನ ದನಿ ತೆಳುನಾ? ಇರ್ಲಿ, ಇರ್ಲಿ.

ಗಡಿಯಾರದವರು: ಕೋಪ ಆಮೇಲೆ ಮಾಡ್ಕೋ. ಮೂರನೇದು ಮಾಡು. ನಮ್ಮ ನೀಲಿ.

ಮತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದರು. ನಾಲ್ಕರಲ್ಲಿ ಅವರಿಗೆ ಹೆಚ್ಚು ಮುದ್ದಿನದು ಅದೇ. ಟ್ಯಾಂಕಿನ ಮೇಲೆ ಮಗಳನ್ನು ಕೂರಿಸಿಕೊಂಡು ಹೊರಟರೆ ಬೀದಿಯ ಕೊನೆಯವರೆಗೂ ಹೊಗೆಯ ಬಾಲ ಬಿಡುತ್ತಿತ್ತು. ಅದನ್ನು ಮಾರಿದ ದಿನ, ಕೊಂಡವನು ಬಂದಾಗ, ಇವರು ಬಚ್ಚಲಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಕೂತಿದ್ದರು. ಅದು ಹೊರಟುಹೋಗುವ ಸದ್ದನ್ನು ಕೇಳುವ ಶಕ್ತಿ ಅವರಿಗಿರಲಿಲ್ಲ.

ಗಡಿಯಾರದವರು: ಮಾಡು ಮಾರಾಯ್ತಿ. ಎಷ್ಟು ಹೊತ್ತು ಕಾಯೋದು?

ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರು.

ಗಡಿಯಾರದವರು: ಮರೆತುಹೋಯ್ತಾ?

ಕಣ್ಣು ತೆರೆದು ಹಿಂದಕ್ಕೆ ತಿರುಗಿದರು. ಹೆಂಡತಿಯ ಕೆನ್ನೆ ಉಬ್ಬಿತ್ತು, ತುಟಿ ಅದುರುತ್ತಿತ್ತು, ಕತ್ತಿನ ನರ ಎದ್ದು ನಿಂತಿತ್ತು. ಗೋಡೆಯಾಚೆ ಕಾದಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿ ನೋಡುತ್ತಿದ್ದರು. ಅವಳು ನಿಲ್ಲಿಸಿದಳು.

ಹೆಂಡತಿ: ಮಾಡ್ತಾನೇ ಇದ್ದೀನಲ್ರೀ... ಆಗ್ಲಿಂದ.

ನೀಲಿಯ ಸದ್ದು ಕೀಚಲು, ಸೊಳ್ಳೆಯ ದನಿಯಂಥದ್ದು. ಗಡಿಯಾರದವರು ಹೆಂಡತಿಯ ಬಾಯನ್ನೇ ನೋಡುತ್ತಾ ಕೂತರು. ಅಷ್ಟು ವರ್ಷ ತಲೆಯೊಳಗೆ ಜೋಪಾನವಾಗಿಟ್ಟಿದ್ದ ಸದ್ದು ಎರಡಡಿ ಹಿಂದೆ ಆಗುತ್ತಿದ್ದರೂ ಅವರಿಗೆ ತಿಳಿಯಲಿಲ್ಲ.  ತಮ್ಮ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಡಾಕ್ಟರಮ್ಮನ ಕಡೆ ತಿರುಗಿದರು.

ಗಡಿಯಾರದವರು: ಡಾಕ್ಟರೇ, ಆ ಕಿವಿ ಮಿಷನ್ನು... ಇವತ್ತೇ ಸಿಗುತ್ತಾ?

ಹೆಂಡತಿ: ನೋಡಿದ್ರಾ! ನನ್ನ ಮಾತು ಕೇಳೋದಕ್ಕೆ ಎರಡು ವರ್ಷ ಒಲ್ಲೆ ಅಂದ್ರು. ಮಾರಿಹೋದ ಬೈಕಿಗೆ ಎರಡು ನಿಮಿಷ ಸಾಕಾಯ್ತು!

ಡಾಕ್ಟರಮ್ಮ ನಕ್ಕು, ಬೀರುವಿನಿಂದ ಮಿಷನ್ನಿನ ಪುಟ್ಟ ಡಬ್ಬಿಯೊಂದನ್ನು ತೆಗೆದರು. ಒಂದು ವಾರ ಹಾಕಿ ನೋಡಲಿ, ಆಮೇಲೆ ಅಳತೆ ತೆಗೆದು ಹೊಸದನ್ನು ಮಾಡಿಸೋಣ ಎಂದು ಅವರ ಎರಡೂ ಕಿವಿಗೆ ಕೂರಿಸಿದರು. ತಿರುಗಿ ಹಿಂದೆ ನಿಂತು ಸಸಿ, ಸೀಸೆ, ಕಿಟಕಿ ಎಂದರು. ಈ ಸಲ ಕುರ್ಚಿ ಅಲುಗಲಿಲ್ಲ. ಕಿವಿಯಲ್ಲಿ ಸಾಧನವಿದ್ದಾಗ ಮಾತ್ರ ಬೈಕು ಓಡಿಸಬಹುದೆಂದು ಫಾರಮ್ಮಿನಲ್ಲಿ ಬರೆದು, ಸಹಿ ಹಾಕಿ, ಇನ್ನೊಮ್ಮೆ ನೀರು ಕುಡಿದರು.

ಹೊರಗೆ ಬೂದಿ ಬಣ್ಣದ ನಾಲ್ಕನೇ ಬೈಕು ಕಾಯುತ್ತಿತ್ತು. ಹೆಂಡತಿ ಮುಖ ಊದಿಸಿಕೊಂಡೇ ಹಿಂದೆ ಹತ್ತಿದಳು. ಗಡಿಯಾರದವರು ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿ ಹೊರಟರು. ಚೈನಿನ ಕಿಣಿಕಿಣಿ ಕೇಳಿಸಿತು, ಟೈರು ಜಲ್ಲಿಕಲ್ಲಿನ ಮೇಲೆ ಹಾಯುವುದು ಕೇಳಿಸಿತು. ಖುಷಿಯಲ್ಲಿ ಸುಮ್ಮಸುಮ್ಮನೆ ಎರಡು ಸಲ ಹಾರನ್ ಹೊಡೆದುಕೊಂಡರು. ಎರಡನೇ ತಿರುವು ದಾಟುವಷ್ಟರಲ್ಲಿ ಮುಖ ಗಂಭೀರವಾಯಿತು. ಬೈಕು ನಿಲ್ಲಿಸಿ ಇಳಿದು, ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು.

ಹೆಂಡತಿ: ಏನಾಯ್ತು?

ಗಡಿಯಾರದವರು: ಏನೋ ಸಣ್ಣ ಸದ್ದು ಬರ್ತಿದೆ. ಈಗ ನಿಂತಿದೆ.

ಏನೂ ಸಿಗಲಿಲ್ಲ. ಹೊರಟರು. ಅರ್ಧ ಫರ್ಲಾಂಗು ಹೋಗಿ ಮತ್ತೆ ಇಳಿದರು. ಚೈನು ಎಳೆದು ನೋಡಿದರು, ಮಡ್‌ಗಾರ್ಡಿಗೆ ತಟ್ಟಿದರು, ನಂಬರ್ ಪ್ಲೇಟು ಅಲ್ಲಾಡಿಸಿದರು.

ಗಡಿಯಾರದವರು: ವಿಚಿತ್ರ ಕಣೇ. ಹೊರಟ್ರೆ ಶುರುವಾಗುತ್ತೆ, ನಿಂತ್ರೆ ನಿಲ್ಲುತ್ತೆ. ಬೇರಿಂಗ್ ಹೋಗಿರ್ಬೇಕು. ಒಂದೇ ಸಮ ಇರಲ್ಲ, ಏರುತ್ತೆ, ಇಳಿಯುತ್ತೆ, ಕೊನೇಲಿ ಒಂಚೂರು ಎಳೆಯುತ್ತೆ.

ಹೆಂಡತಿ: ಅದು ಬೇರಿಂಗ್ ಅಲ್ಲ ಕಣ್ರೀ. ನಾನು.

ಗಡಿಯಾರದವರು: ನೀನಾ?

ಹೆಂಡತಿ: ಹಾಡ್ಕೊಳ್ತಿದ್ದೆ.

ಗಡಿಯಾರದವರು ಕೈಗಂಟಿದ ಗ್ರೀಸನ್ನು ಇಸ್ತ್ರಿ ಮಾಡಿದ ಅಂಗಿಗೇ ಒರೆಸಿಕೊಂಡರು.

ಗಡಿಯಾರದವರು: ಯಾವಾಗಿಂದ?

ಹೆಂಡತಿ: ಕೆಂಪಿ ಹತ್ತಿದ ದಿನದಿಂದ. ಮೊದಲೆಲ್ಲ ನೀವು ತಲೆ ಆಡಿಸ್ತಿದ್ರಿ. ಆಮೇಲಾಮೇಲೆ ಬಿಟ್ಟುಬಿಟ್ರಿ. ನನ್ನ ಹಾಡು ಹಳಸಿತು ಅಂದ್ಕೊಂಡೆ, ನಿಮಗೆ ಕೇಳದ ಹಾಗೆ ಮೆತ್ತಗೆ ಹಾಡ್ಕೊಳ್ಳೋದು ಅಭ್ಯಾಸ ಮಾಡ್ಕೊಂಡೆ.

 ಗಡಿಯಾರದವರು ಬೈಕು ಹತ್ತಿ ಹೊರಟರು. ಸೇತುವೆ ದಾಟಿದ ಮೇಲೆ ರಸ್ತೆ ಉದ್ದಕ್ಕೂ ಇಳಿಜಾರು. ಅಲ್ಲಿಗೆ ಬಂದೊಡನೆ ಗಡಿಯಾರದವರು ಕೀಲಿ ತಿರುಗಿಸಿದರು. ಎಂಜಿನ್ನು ಒಮ್ಮೆ ನಡುಗಿ ನಿಂತಿತು. ಬೈಕು ತನ್ನ ಪಾಡಿಗೆ ತಾನು ಉರುಳತೊಡಗಿತು.

ಹೆಂಡತಿ: ಅಯ್ಯೋ, ಯಾಕ್ರೀ? ಕೆಟ್ಟುಹೋಯ್ತಾ?

ಗಡಿಯಾರದವರು: ಇಲ್ಲ. ನಾನೇ ಆಫ್ ಮಾಡಿದೆ.

ಹೆಂಡತಿ: ಯಾಕೆ?

ಗಡಿಯಾರದವರು: ಈ ದರಿದ್ರದ್ದರ ಗಲಾಟೆಯಲ್ಲಿ ನೀನು ಹಾಡೋದು ಕೇಳಿಸ್ತಿಲ್ಲ. ಮೊದಲಿಂದ ಶುರುಮಾಡು.