ಒಂದೇ ಮನೆ, ಒಂದೇ ಫೋನು

ಆ ದಿನದ ರಗಳೆಗೆಲ್ಲ ಕಾರಣ ಒಂದು ಬೀರು. ಒಂದು ಹೋಗಬೇಕಾದ ಕಡೆಗೆ ಮೂರು ಹೋಗಿದ್ದೇ ಕಾರಣ ಅಂದರೆ ಸರಿಹೋಗುತ್ತದೆ.

ಮಂಚ, ಮೇಜು, ಬೀರು ಮಾಡಿ ಮಾರುವ ಆ ಕಂಪನಿಯ ಯಜಮಾನರಿಗೆ ಒಬ್ಬರು ಮಾವನವರಿದ್ದರು. ಹಲ್ಲಿನ ಡಾಕ್ಟರು. ಅಳಿಯನ ಕಂಪನಿ ಇರುವಾಗ ಬೇರೆ ಕಡೆ ಯಾಕೆ ಎಂದು ಪಾಪ, ಒಂದು ಬೀರು ಕೇಳಿದ್ದರು. ಆರ್ಡರು ಮೂರು ವಿಭಾಗದ ಕಂಪ್ಯೂಟರುಗಳಿಗೂ ಹೋಯಿತು. ಮಾರಾಟದವರ ಕಂಪ್ಯೂಟರಿನಲ್ಲಿ ಅವರು ‘ಡಾಕ್ಟರ್ ಸಾಹೇಬರು’. ಗೋದಾಮಿನಲ್ಲಿ ‘ಹಲ್ಲಿನವರು, ಮೂಲೆ ಮನೆ’. ರಿಪೇರಿಯವರಲ್ಲಿ ‘ಯಜಮಾನರ ಮಾವ, ಹುಷಾರು’. ಬೇರೆ ಬೇರೆ ಮನುಷ್ಯರು ಎಂದುಕೊಂಡು ಮೂರೂ ವಿಭಾಗದವರು ಒಂದೊಂದು ಬೀರು ಕಳಿಸಿಬಿಟ್ಟರು. ಡಾಕ್ಟರು ಸ್ನಾನ ಮುಗಿಸುವಷ್ಟರಲ್ಲಿ ಮೂರನೆಯದು ಬಚ್ಚಲ ಬಾಗಿಲಿಗೇ ಅಡ್ಡ ನಿಂತಿತ್ತು. ಹೆಂಡತಿ ಬಾಗಿಲ ಸಂದಿಗೆ ಹಿಡಿದ ಫೋನಿನಲ್ಲಿ ಅವರು ಅಳಿಯನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಯಜಮಾನರು ಕಚೇರಿಗೆ ಬಂದವರೇ ಮೇಜು ಗುದ್ದಿದರು. "ಸಂಜೆ ಸಾಫ್ಟ್‌ವೇರ್‌ನವನು ಬರ್ತಾನೆ. ಮೂರು ಕಡೆ ಇರೋ ಹೆಸ್ರುಗಳನ್ನೆಲ್ಲ ಸೇರಿಸಿ ಒಂದು ಮಾಡೋ ಸಾಫ್ಟ್‌ವೇರು. ಒಬ್ಬ ಮನುಷ್ಯ ಅಂದ್ಮೇಲೆ ಒಬ್ಬನೇ ಇರ್ಬೇಕು. ತಗೊಳ್ತೀವಿ, ಹಾಕ್ತೀವಿ, ಮುಗೀತು!"

ಎಲ್ಲರೂ ತಲೆಯಾಡಿಸಿದರು. ಅಲ್ಲಾಡದೆ ಉಳಿದ ತಲೆ ಒಂದೇ.

"ಮೊದ್ಲು..." ಎಂದಿತು ಆ ತಲೆ.

ಇಡೀ ಕಚೇರಿ ನಿಟ್ಟುಸಿರು ಬಿಟ್ಟಿತು. ಈ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಕಚೇರಿಯಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೊದ್ಲಪ್ಪ. ಟೀ ತಂದಿಟ್ಟರೆ "ಮೊದ್ಲು ಸಕ್ಕರೆ ಹಾಕಿದ್ದಾರಾ ನೋಡಿ" ಅನ್ನುವವನು. ಬೆಂಕಿ ಬಿದ್ದರೂ "ಮೊದ್ಲು ಯಾವ ಕಡೆಯಿಂದ ಹತ್ಕೊಂಡಿದೆ ನೋಡೋಣ" ಎನ್ನುತ್ತಾನೆ ಎಂದು ಎಲ್ಲರಿಗೂ ನಂಬಿಕೆ.

"ಮೊದ್ಲು ಸಾಫ್ಟ್‌ವೇರ್ ಅಲ್ಲ ಸಾರ್. ಗಿರಾಕಿ ಅಂದ್ರೆ ಯಾರು ಅಂತ ಮೊದ್ಲು ನಾವ್ನಾವೇ ತೀರ್ಮಾನ ಮಾಡ್ಕೋಬೇಕು. ಎರಡು ಹೆಸ್ರು ಒಬ್ಬರದೇ ಅಂತ ಹೇಗೆ ಗೊತ್ತಾಗ್ಬೇಕು? ತಪ್ಪಿದ್ರೆ ತಿದ್ದೋ ಹಕ್ಕು ಯಾರಿಗೆ? ಇದ್ಯಾವ್ದೂ ಗೊತ್ತಿಲ್ದೆ ತಂದು ಹಾಕಿದ್ರೆ, ಈಗ ಮೂರು ಕಡೆ ಇರೋ ಗೊಂದಲ ಆಮೇಲೆ ಒಂದೇ ಕಡೆ ಸಿಗುತ್ತೆ, ಅಷ್ಟೇ."

ಮಾತು ನೂರಕ್ಕೆ ನೂರು ಸರಿ. ಸರಿಯಾದ ಮಾತು ಆಡಿದವನ ಗತಿ ಏನಾಗುತ್ತದೆ ಎಂದು ಕಚೇರಿಗಳಲ್ಲಿ ದುಡಿದವರಿಗೆ ನಾನು ಹೇಳಬೇಕಾಗಿಲ್ಲ.

"ಹಾಗಾದ್ರೆ ನೀವೇ ಮಾಡ್ರೀ" ಎಂದರು ಯಜಮಾನರು. "ಸಂಜೆಯೊಳಗೆ ಈ ಮೂರೂ ವಿಭಾಗದ ಮುಖ್ಯಸ್ಥರ ಕೈಲಿ ಒಂದು ನಿಯಮ ಒಪ್ಪಿಸಿ, ಸಹಿ ಹಾಕಿಸಿ. ಹಾಕಿಸಿದ್ರೆ ಇದಕ್ಕೇ ಅಂತ ಮಾಡೋ ಹೊಸ ವಿಭಾಗಕ್ಕೆ ನೀವೇ ಮುಖ್ಯಸ್ಥರು, ಖಾಲಿ ಇರೋ ಆ ಮೂಲೆ ಕೋಣೆ ನಿಮ್ದು. ಇಲ್ಲಾಂದ್ರೆ ನಾಳೆಯಿಂದ ಗೋದಾಮಲ್ಲಿ ಮಂಚ ಎಣಿಸ್ಕೊಂಡು ಕೂತಿರಿ."

ಮೂಲೆ ಕೋಣೆ! ಮೊದ್ಲಪ್ಪನ ಎದೆ ಹಿಗ್ಗಿತು. ಅವನ ಮೇಜು ಇದ್ದದ್ದು ಮರ ಕುಯ್ಯುವ ಶೆಡ್ಡಿನ ಪಕ್ಕದ ಓಣಿಯಲ್ಲಿ. ಟೀಯಲ್ಲಿ ಮರದ ಹೊಟ್ಟು, ಕಿವಿಯಲ್ಲಿ ಮರದ ಹೊಟ್ಟು, ದಿನವಿಡೀ ಸೀನು. ಮನೆಗೆ ಹೋದರೆ ಅಲ್ಲೂ ಕೋಣೆಯಿಲ್ಲ. ಹೆಂಡತಿಯ ತಮ್ಮ, ಅಂದರೆ ಅವನ ಭಾವಮೈದುನ, ಎರಡು ದಿನಕ್ಕೆಂದು ಬಂದವನು ಇದ್ದ ಒಂದೇ ಕೋಣೆಯಲ್ಲಿ ಬೇರುಬಿಟ್ಟಿದ್ದ. ಹೆಂಡತಿ ಅಡುಗೆಮನೆಯ ಪಕ್ಕದಲ್ಲಿ, ಮೊದ್ಲಪ್ಪ ಹಾಲಿನಲ್ಲಿ ಚಪ್ಪಲಿ ಗೂಡಿಗೆ ಕಾಲು ಚಾಚಿಕೊಂಡು ಮಲಗುತ್ತಿದ್ದರು. ಅಷ್ಟು ಸಾಲದೆಂಬಂತೆ ಆ ಭಾವಮೈದುನನಿಗೆ ಇದೇ ಕಂಪನಿಯ ಗೋದಾಮಿನಲ್ಲಿ ಕೆಲಸ ಕೊಡಿಸಿದ್ದೂ ಮೊದ್ಲಪ್ಪನೇ. ತನ್ನದೇ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು ಎನ್ನುವುದೊಂದೇ ಅವನ ಆಸೆಯಾಗಿತ್ತು.

ಮೂವರು ಮುಖ್ಯಸ್ಥರನ್ನೂ ಕೂರಿಸಿ, "ಮೊದ್ಲು, ಗಿರಾಕಿ ಅಂದ್ರೆ ಯಾರು?" ಎಂದು ಶುರು ಮಾಡಿದ.

"ಅಂಗಡಿ ಬಾಗ್ಲು ದಾಟಿ ಒಳಗೆ ಬಂದು ರೇಟ್ ಕೇಳ್ದೋರೆಲ್ಲ ಗಿರಾಕೀನೇ" ಎಂದ ಮಾರಾಟದ ಮ್ಯಾನೇಜರು, ಟೈ ಸರಿಮಾಡಿಕೊಳ್ಳುತ್ತಾ.

"ಚೆನ್ನಾಗಿದೆ ಬಿಡಿ!" ಎಂದರು ಗೋದಾಮಿನ ಮೇಡಂ. "ಬಿಸ್ಲಿಗೆ ಬೇಜಾರಾಗಿ ಫ್ಯಾನ್ ಕೆಳಗೆ ನಿಂತು ಹೋಗೋರೂ ರೇಟ್ ಕೇಳ್ತಾರೆ. ಯಾರ ಮನೆ ಬಾಗ್ಲಿಗೆ ನಮ್ಮ ವ್ಯಾನ್ ಹೋಗುತ್ತೋ ಅವರು ಗಿರಾಕಿ."

ರಿಪೇರಿ ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ನಕ್ಕ. "ಯಾರು ಫೋನ್ ಮಾಡಿ ನಮ್ಮನ್ನ ಬಾಯಿಗೆ ಬಂದ ಹಾಗೆ ಬೈತಾರೋ, ಅವರೊಬ್ರೇ ನಿಜವಾದ ಗಿರಾಕಿ. ಮಿಕ್ಕವರೆಲ್ಲ ದಾರೀಲಿ ಹೋಗೋರು."

ಅಲ್ಲಿಂದ ಜಗಳ ಕಾವೇರಿತು. ನಮ್ಮ ಗಿರಾಕಿ, ನಮ್ಮ ಗಿರಾಕಿ ಎಂದು ಮೂವರೂ ಕಿತ್ತಾಡಿದರು. ಮ್ಯಾನೇಜರಿನ ಟೈ ಮೇಡಂ ಅವರ ಟೀಯಲ್ಲಿ ಮುಳುಗಿ ಎದ್ದಿತು. ಅಷ್ಟರಲ್ಲಿ ಮೊದ್ಲಪ್ಪನ ಫೋನು ಬಡಿದುಕೊಂಡಿತು.

"ಹಲೋ, ನಿಮ್ಮ ಪ್ಯಾಂಟ್ ರೆಡಿ ಇದೆ, ಸೊಂಟ ಸ್ವಲ್ಪ ಬಿಗಿ ಮಾಡಿದೀನಿ."

"ನಂದಲ್ಲ ಕಣಪ್ಪ, ನನ್ನ ಭಾವಮೈದುನಂದು" ಎಂದು ಹಲ್ಲು ಕಚ್ಚಿ ಫೋನಿಟ್ಟ. ಭಾವಮೈದುನ ಸ್ವಂತ ಫೋನು ಕೊಳ್ಳುವುದು ವರ್ಷದಿಂದ ‘ಮುಂದಿನ ವಾರ’ ಇತ್ತು. ಅಲ್ಲಿಯವರೆಗೆ ಅಂತ ಊರೆಲ್ಲ ಭಾವನ ನಂಬರು ಕೊಟ್ಟುಕೊಂಡು ಬಂದಿದ್ದ. ಟೈಲರು, ಕ್ಷೌರದವನು, ಗೆಳೆಯರು, ಗೆಳೆಯರ ಗೆಳೆಯರು, ಎಲ್ಲರ ಫೋನೂ ಬರುತ್ತಿದ್ದುದು ಮೊದ್ಲಪ್ಪನಿಗೇ.

ಮಧ್ಯಾಹ್ನದ ಹೊತ್ತಿಗೆ ಮೊದ್ಲಪ್ಪ ಒಂದು ಉಪಾಯ ಹೂಡಿದ. "ಸರಿ, ಗಿರಾಕಿಗಳು ಯಾರ ವಿಭಾಗಕ್ಕೆ ಬೇಕೋ ಅವ್ರೇ ಇಟ್ಕೊಳ್ಳಿ. ಆದ್ರೆ ಮೂರು ಬೀರು ಹೋದಂಥ ತಪ್ಪಾದ್ರೆ ಯಜಮಾನರ ಮಾವನಿಗೆ ಉತ್ತರ ಕೊಡೋದೂ ಅವ್ರೇ."

ಮೂವರೂ ಕುರ್ಚಿ ಒಂದಡಿ ಹಿಂದಕ್ಕೆ ಎಳೆದುಕೊಂಡರು.

"ಅಯ್ಯೋ, ಗಿರಾಕಿಗಳು ಮೊದ್ಲಿಂದ್ಲೂ ಮೇಡಂದೇ ಅಲ್ವಾ!" ಎಂದ ಮ್ಯಾನೇಜರು.

"ನಂದ್ಯಾಕಪ್ಪಾ? ನಾವು ವ್ಯಾನ್ ಕಳ್ಸೋರು ಅಷ್ಟೇ. ಮೇಸ್ತ್ರಿಗೇ ಎಲ್ರೂ ಚೆನ್ನಾಗಿ ಪರಿಚಯ."

"ಪರಿಚಯ ಇರೋದಕ್ಕೇ ನನಗೆ ಬೇಡ" ಎಂದ ಮೇಸ್ತ್ರಿ.

ಯಾರಿಗೂ ಬೇಡವಾದ ಮೇಲೆ ಒಪ್ಪಿಗೆ ಬೇಗ ಬಂತು. ಹೊಸ ವಿಭಾಗದ ಮುಖ್ಯಸ್ಥರೇ ಎಲ್ಲಕ್ಕೂ ಹೊಣೆ ಎಂದಾಯಿತು. ಉಳಿದದ್ದು, ಇಬ್ಬರು ಒಬ್ಬರೇ ಎಂದು ಗೊತ್ತುಮಾಡುವುದು ಹೇಗೆ ಎಂಬ ಪ್ರಶ್ನೆ.

"ಹೆಸ್ರು ಮಾತ್ರ ನಂಬ್ಬೇಡಿ" ಎಂದ ಮೇಸ್ತ್ರಿ. "ಕೊಳ್ಳೋವಾಗ ಒಂದು ಹೆಸ್ರು ಹೇಳ್ತಾರೆ, ಬೈಯೋವಾಗ ಇನ್ನೊಂದು. ಮನೆ ಒಂದೇ, ಫೋನ್ ನಂಬರ್ ಒಂದೇ ಅಂದ್ರೆ ಮನುಷ್ಯನೂ ಒಬ್ನೇ. ಬರ್ಕೊಳ್ಳಿ."

"ಒಬ್ಬನ ಹೆಸರು ಎರಡು ಕಡೆ ಸಿಕ್ಕಿದ್ರೆ ಯಾವುದನ್ನ ಇಟ್ಕೊಳ್ಳೋದು?" ಎಂದು ಕೇಳಿದ ಮೊದ್ಲಪ್ಪ.

"ಯಾವುದರಲ್ಲಿ ವಿವರ ಪೂರ್ತಿ ತುಂಬಿದೆಯೋ ಅದನ್ನ. ಅರ್ಧಂಬರ್ಧ ಇರೋದು ಅದರೊಳಗೆ ಸೇರಿಹೋಗ್ಲಿ" ಎಂದರು ಮೇಡಂ.

ಮೊದ್ಲಪ್ಪ ಬರೆದುಕೊಂಡ. ತನ್ನ ಕಡೆಯಿಂದ ಒಂದು ಸಾಲು ಹೆಮ್ಮೆಯಿಂದ ಸೇರಿಸಿದ. ಒಮ್ಮೆ ಸೇರಿಸಿದ್ದನ್ನು ಮತ್ತೆ ಬೇರೆ ಮಾಡಬೇಕಾದರೆ ಮೂವರು ಮುಖ್ಯಸ್ಥರ ಜೊತೆಗೆ ಹೊಸ ವಿಭಾಗದ ಮುಖ್ಯಸ್ಥರ ಸಹಿಯೂ ಬೇಕು, ಸ್ವತಃ ಯಜಮಾನರೂ ಕೈಹಾಕುವಂತಿಲ್ಲ! ಬರೆದಾದ ಮೇಲೆ ಅವನ ತಲೆಯಲ್ಲಿ ಏನೋ ಒಂದು ಸಣ್ಣದಾಗಿ ಕುಟುಕಿತು.

"ಒಂದು ನಿಮಿಷ. ಮೊದ್ಲು ಇದನ್ನ ಯೋಚ್ನೆ ಮಾಡೋಣ. ಒಂದೇ ಮನೇಲಿ ಇಬ್ರು ಇದ್ದು..."

ಫೋನು ಬಡಿದುಕೊಂಡಿತು. "ಹಲೋ, ಇವತ್ತು ಶೇವಿಂಗ್ ಮಾತ್ರಾನಾ, ತಲೆಗೆ ಬಣ್ಣಾನೂ ಹಾಕ್ಬೇಕಾ?" ಕ್ಷೌರದವನಿಗೆ ಅದು ತನ್ನ ತಲೆಯಲ್ಲ ಎಂದು ಅರ್ಥಮಾಡಿಸಿ ಮೊದ್ಲಪ್ಪ ತಿರುಗಿ ನೋಡುವಷ್ಟರಲ್ಲಿ ಮೂವರೂ ಸಹಿ ಹಾಕಿ ಎದ್ದು ನಿಂತಿದ್ದರು. ಸಹಿ ಬಿದ್ದ ಕಾಗದ ಕಂಡ ಖುಷಿಯಲ್ಲಿ ತಾನು ಏನು ಹೇಳಹೊರಟಿದ್ದೆ ಎನ್ನುವುದೇ ಅವನಿಗೆ ಮರೆತುಹೋಯಿತು.

ಸಂಜೆ ಸಾಫ್ಟ್‌ವೇರ್‌ನವನು ಬಂದ. ಕಾಗದ ಓದಿ, "ಇಷ್ಟು ಚೆನ್ನಾಗಿ ಮೊದ್ಲೇ ತಯಾರಾಗಿರೋ ಕಂಪನೀನ ನಾನು ನೋಡೇ ಇಲ್ಲ ಸಾರ್!" ಎಂದ. ಯಜಮಾನರು ಮೊದ್ಲಪ್ಪನ ಬೆನ್ನು ತಟ್ಟಿದರು. ಅಲ್ಲೇ ಕಂಪ್ಯೂಟರಿನಲ್ಲಿ, ಹೊಸ ವಿಭಾಗದ ಮುಖ್ಯಸ್ಥ ಎಂದು ಮೊದ್ಲಪ್ಪನ ನಿಜವಾದ ಹೆಸರನ್ನೇ ಹುಡುಕಿ ಸೇರಿಸಿದರು. ಮೂಲೆ ಕೋಣೆಯ ಬೀಗದ ಕೈ ಮೇಜಿನ ಮೇಲೆ ಬಂತು.

"ಗಿರಾಕಿಗಳಿಂದ ಶುರು ಮಾಡೋಣ್ವಾ?" ಎಂದ ಸಾಫ್ಟ್‌ವೇರ್‌ನವನು.

ಇಲ್ಲಿ ಸುಮ್ಮನಿದ್ದಿದ್ದರೆ ನಮ್ಮ ಮನುಷ್ಯ ಬಚಾವಾಗುತ್ತಿದ್ದ. ಆದರೆ ಅವನ ಸ್ವಭಾವ ಬಿಡಬೇಕಲ್ಲ?

"ಬೇಡ, ಬೇಡ. ಮೊದ್ಲು ನಮ್ಮ ನೌಕರರ ಮೇಲೆ ಪ್ರಯೋಗ ಮಾಡಿ ನೋಡೋಣ. ತಪ್ಪಾದ್ರೂ ಮನೆಯೊಳಗೇ ಇರುತ್ತೆ."

ಸಾಫ್ಟ್‌ವೇರ್‌ನವನು ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು. "ನಿಮ್ಮಲ್ಲಿ ಒಬ್ರು ಎರಡು ಸಲ ಇದ್ದಾರೆ ಸಾರ್."

"ನೋಡಿದ್ರಾ!" ಯಜಮಾನರು ಹೌಹಾರಿದರು. "ಒಬ್ಬನೇ ಎರಡು ಸಂಬಳ ತಗೊಳ್ತಿದಾನೆ! ಯಾರ್ರೀ ಆ ಕಳ್ಳ?"

"ಯಾರಾದ್ರೂ ಆಗ್ಲಿ ಸಾರ್, ಮುಖ ನೋಡಿ ನಿಯಮ ಮಾಡೋಕಾಗಲ್ಲ. ಮೊದ್ಲು ಸೇರಿಸಿಬಿಡಿ!" ಎಂದ ಮೊದ್ಲಪ್ಪ, ಜೀವನದಲ್ಲಿ ಒಂದೇ ಒಂದು ಸಲ ಯೋಚಿಸದೆ.

ಸೇರಿತು. ಪರದೆಯ ಮೇಲೆ, ಕ್ರಾಪು ಒಪ್ಪವಾಗಿ ಬಾಚಿಕೊಂಡು ಹಲ್ಲು ಕಿರಿಯುತ್ತಿರುವ ಒಂದು ಮುಖ ಬಂತು. ಭಾವಮೈದುನ! ಕೆಳಗೆ ಅಚ್ಚುಕಟ್ಟಾಗಿ ‘ಹೊಸ ವಿಭಾಗದ ಮುಖ್ಯಸ್ಥ’ ಎಂದಿತ್ತು.

ಮೊದ್ಲಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಇದು... ಇದರಲ್ಲಿ ನಾನೆಲ್ಲಿ?"

"ನೀವು ಇವರೊಳಗೆ ಸೇರ್ಕೊಂಡಿದೀರಿ ಸಾರ್" ಎಂದ ಸಾಫ್ಟ್‌ವೇರ್‌ನವನು ಸಮಾಧಾನವಾಗಿ. "ಒಂದೇ ಮನೆ, ಒಂದೇ ಫೋನು. ನಿಮ್ಮ ವಿವರದಲ್ಲಿ ಫೋಟೋ ಇರ್ಲಿಲ್ಲ, ರಕ್ತದ ಗುಂಪು ಇರ್ಲಿಲ್ಲ. ಅವರು ಎಲ್ಲಾ ತುಂಬಿದಾರೆ ನೋಡಿ, ಹವ್ಯಾಸದವರೆಗೂ. ನಿದ್ದೆ ಅಂತಿದೆ. ಹೆದರ್ಬೇಡಿ, ನಿಮ್ಮದೇನೂ ಕಳೆದುಹೋಗಿಲ್ಲ. ನಿಮ್ಮ ಹುದ್ದೆ, ರಜೆ ಎಲ್ಲಾ ಅವರಿಗೆ ಭದ್ರವಾಗಿ ಸೇರಿದೆ."

ಹೌದು, ಬೇರೆಯವರ ವಿವರ ತುಂಬಿಸುವ ಗಡಿಬಿಡಿಯಲ್ಲಿ ಮೊದ್ಲಪ್ಪ ತನ್ನದನ್ನು ತುಂಬಿರಲೇ ಇಲ್ಲ. ಭಾವಮೈದುನನಿಗೆ ಅದನ್ನು ಕೂತು ತುಂಬಲು ಗೋದಾಮಿನಲ್ಲಿ ಬೇಕಾದಷ್ಟು ಪುರುಸೊತ್ತಿತ್ತು.

"ಸಾರ್, ನೀವೇ ಹೇಳಿ! ನಾನು ಕಣ್ಣೆದುರಿಗೇ ನಿಂತಿದೀನಿ!"

"ನಿಂತಿದೀರಿ, ಕಾಣಿಸ್ತಿದೆ" ಎಂದರು ಯಜಮಾನರು, ಕಾಗದ ತಿರುಗಿಸುತ್ತಾ. "ಆದ್ರೆ ‘ಸ್ವತಃ ಯಜಮಾನರೂ ಕೈಹಾಕುವಂತಿಲ್ಲ’ ಅಂತ ಬರೆದಿದೀರಲ್ಲ? ಬೇರೆ ಮಾಡೋಕೆ ನಾಲ್ಕು ಸಹಿ ಬೇಕು. ನನ್ನ ಕೈ ಕಟ್ಟಿಹಾಕಿದ್ದು ನೀವೇ ಕಣ್ರೀ." ಆ ಸಾಲು ಅವರಿಗೆ ಓದಿದಾಗಿನಿಂದ ಚುಚ್ಚುತ್ತಿತ್ತು ಎಂದು ಕಾಣುತ್ತದೆ. ಮಾವನವರ ಮನೆಯಿಂದ ಎರಡು ಬೀರು ತೆಗೆಸಬೇಕೆಂದು ಹೊರಟೇಬಿಟ್ಟರು.

ಮೊದ್ಲಪ್ಪ ಮೂವರು ಮುಖ್ಯಸ್ಥರ ಹಿಂದೆ ಓಡಿದ. ಬಸ್ಸು ಹಿಡಿಯುವ ಅವಸರದಲ್ಲೂ ಮೇಸ್ತ್ರಿ ನಿಂತು, ಗಂಭೀರವಾಗಿ, "ಮೊದ್ಲು ಯೋಚ್ನೆ ಮಾಡೋಣ" ಎಂದ. ಮಿಕ್ಕ ಇಬ್ಬರು ನಗು ತಡೆಯಲಾರದೆ ಹಾಗೇ ಹೋಗಿಬಿಟ್ಟರು.

ಉಳಿದದ್ದು ನಾಲ್ಕನೆಯ ಸಹಿ, ಹೊಸ ಮುಖ್ಯಸ್ಥನದು. ಗೋದಾಮಿನ ಹೊಸ ಮಂಚದ ಮೇಲೆ ಮಲಗಿದ್ದವನನ್ನು ಯಾರೋ ಎಬ್ಬಿಸಿ, ಬೀಗದ ಕೈಯನ್ನೂ ಕೊಟ್ಟು ಕಳಿಸಿದ್ದರು. ಮೊದ್ಲಪ್ಪ ಮೂಲೆ ಕೋಣೆಗೆ ಬಂದಾಗ ಭಾವಮೈದುನ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿ ನೋಡುತ್ತಿದ್ದ.

"ಕುರ್ಚಿ ಚೆನ್ನಾಗಿದೆ ಭಾವ. ಕಿಟಕೀಲಿ ಗಾಳೀನೂ ಬರುತ್ತೆ."

"ಗಾಳಿ ಹಾಳಾಗ್ಲಿ ಕಣೋ! ಮೊದ್ಲು ನನ್ನನ್ನ ನಿನ್ನಿಂದ ಬೇರೆ ಮಾಡು!"

"ಅದಕ್ಕೇನಂತೆ ಭಾವ, ನಿಮಗಿಲ್ಲ ಅಂತೀನಾ? ಒಂದು ಅರ್ಜಿ ಕೊಡಿ." ಭಾವಮೈದುನ ಪರದೆ ನೋಡಿ ತಲೆ ಕೆರೆದುಕೊಂಡ. "ಆದ್ರೆ ಅರ್ಜಿ ಕೊಡೋರು ಇಲ್ಲಿನ ನೌಕರರಾಗಿರ್ಬೇಕು ಅಂತಿದೆ. ನೀವು ಸದ್ಯಕ್ಕೆ ಇಲ್ವಲ್ಲ."

ಮೊದ್ಲಪ್ಪನಿಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲು ಎಂದು ತೀರ್ಮಾನವಾಗುವಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಬೆಳಗ್ಗೆ ಫೋನಲ್ಲಿ ಏನೋ ಕೋಣೆ ಅಂತಿದ್ರಲ್ಲ, ಸಿಕ್ತಾ?"

"ಸಿಕ್ತು. ನಿನ್ನ ತಮ್ಮನಿಗೆ. ನನ್ನ ಹುದ್ದೇನೂ ಅವನಿಗೇ ಹೋಯ್ತು."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಅಯ್ಯೋ ನನ್ನಪ್ಪಾ! ನನ್ನ ತಮ್ಮ ಮುಖ್ಯಸ್ಥ ಆದ್ನಾ? ನಾನು ಹೇಳ್ತಿರ್ಲಿಲ್ವಾ, ಅವನಿಗೂ ಒಂದು ಕಾಲ ಬರುತ್ತೆ ಅಂತ!"

"ನನ್ನನ್ನ ಅಳಿಸೇ ಹಾಕಿದಾರೆ ಕಣೇ! ನಾನು ಇಲ್ವಂತೆ!"

"ನೀವೆಲ್ಲಿಗ್ರೀ ಹೋಗ್ತೀರಿ, ಹಾಲಲ್ಲೇ ಇರ್ತೀರಲ್ಲ" ಎಂದಳು ಅವಳು, ಅಕ್ಕರೆಯಿಂದಲೇ. "ಮೊದ್ಲು ಅವನಿಗೆ ಫೋನ್ ಕೊಡಿ."

ಮೊದ್ಲಪ್ಪ ಕೊಟ್ಟ. ಭಾವಮೈದುನ ಫೋನನ್ನು ಕಿವಿಗೆ ಹಿಡಿದು, "ಅಕ್ಕಾ..." ಎಂದವನು ತಲೆಯೆತ್ತಿ ಸಣ್ಣ ದನಿಯಲ್ಲಿ, "ಭಾವ, ಆಫೀಸ್ ವಿಷ್ಯ. ಹೋಗ್ತಾ ಆ ಬಾಗ್ಲು ಸ್ವಲ್ಪ ಎಳ್ಕೊಂಡು ಹೋಗ್ತೀರಾ?" ಎಂದ.

ಮುಚ್ಚಿಕೊಳ್ಳಲು ಬೆಳಗಿನಿಂದ ಕಾದಿದ್ದ ಆ ಬಾಗಿಲನ್ನು ಮೊದ್ಲಪ್ಪ ಕೊನೆಗೂ ತನ್ನ ಕೈಯಾರೆ ಮುಚ್ಚಿದ, ಹೊರಗಿನಿಂದ.